ಡಬ್ಬಿ ಬದಲಿ ಮಾಡೋಣೇನ್ರಿ?

ಮಳೆ ಜಾಸ್ತಿಯಾದರೆ ಆಕಾಶ ನೋಡಿ ಬೈಯಬಹುದು. ಪೇಢೆಯ ರೇಟು ಏರಿದರೆ ಲೈನ್ ಬಜಾರಿಗೇ ಹೋಗಿ ಒಂದು ಮಾತು ಅಂದು ಬರಬಹುದು. ಬರುವಾಗ ಅರ್ಧ ಕೆಜಿ ಕಟ್ಟಿಸಿಕೊಂಡೇ ಬರುತ್ತೇವೆ, ಅದು ಬೇರೆ ಮಾತು. ಇಂಟರ್ನೆಟ್ ನಿಧಾನವಾದಾಗ ಮಾತ್ರ ಯಾರನ್ನು ಬೈಯಬೇಕೋ ತಿಳಿಯುವುದಿಲ್ಲ. ಕಂಪನಿಗೆ ಫೋನ್ ಹಚ್ಚಿದರೆ ಹಾಡು ಕೇಳಿಸುತ್ತಾರೆ. ಕೇಬಲ್ಲು ಕಂಬದ ಮೇಲಿದೆ. ಆಚೆಗಿನ ಸರ್ವರು ಯಾವ ಊರಲ್ಲಿದೆಯೋ ದೇವರಿಗೇ ಗೊತ್ತು. ಕೈಗೆ ಸಿಗುವುದು ಮನೆಯೊಳಗಿನ ಡಬ್ಬಿ, ಅಂದರೆ ಮೋಡೆಮ್ಮು, ಒಂದೇ. ಹೀಗಾಗಿ ಬೈಗುಳವೆಲ್ಲ ಅದರ ಪಾಲಿಗೆ.

ನಮ್ಮದು ಧಾರವಾಡದ ಮಾಳಮಡ್ಡಿಯಲ್ಲಿ ಹಳೇ ಮನೆ. ಕಲ್ಲಿನ ಗೋಡೆ, ಮೇಲೆ ಮಂಗಳೂರು ಹಂಚು. ಡಬ್ಬಿ ಪಡಸಾಲೆಯ ತಿಜೋರಿಯ ಮೇಲೆ ಕೂತಿದೆ. ಅಲ್ಲೇ ಯಾಕೆ ಅಂದರೆ, ಫೈಬರ್ ಎಳೆಯಲು ಬಂದ ಹುಡುಗನಿಗೆ ಕಿಟಕಿಯಿಂದ ಹತ್ತಿರವಾಗಿದ್ದು ಅದೇ ಜಾಗ. ಬಿಳಿ ಇದ್ದದ್ದು ಈಗ ಹಳದಿಯಾಗಿದೆ. ಖಂಡೇನವಮಿಗೆ ಅವ್ವ ಅದರ ಧೂಳು ಒರೆಸಿ, ಕುಂಕುಮ ಹಚ್ಚಿ, ಒಂದು ಸೇವಂತಿಗೆ ಹೂವನ್ನೂ ಇಡುತ್ತಾಳೆ. ಅದರಿಂದ ಸ್ಪೀಡು ಏರಿದ್ದನ್ನು ಯಾರೂ ಕಂಡಿಲ್ಲ. ಇಳಿದದ್ದೂ ಇಲ್ಲ.

"ಡಬ್ಬಿ ಬದಲಿ ಮಾಡೋಣೇನ್ರಿ?" ಅಂತ ಮೊದಲು ಕೇಳಿದವಳು ಹೆಂಡತಿ. ಅವಳದು ಮನೆಯಿಂದಲೇ ಕೆಲಸ. "ಮೀಟಿಂಗಿನಾಗ ನನ್ನ ಮಾರಿ ಬಾಯಿ ತೆರದದ್ದು ಹಂಗ ನಿಂತಬಿಡ್ತದ. ಎಲ್ಲಾರೂ ನೋಡ್ಕೋತ ಕೂಡ್ತಾರ" ಅನ್ನುವುದು ಅವಳ ತಕರಾರು. ಮಗನದು ಇನ್ನೊಂದು. "ಅಪ್ಪಾ, ಪಿಂಗ್ ಭಾಳ ಅದ." ಪಿಂಗ್ ಅಂದರೆ ಸಂದೇಶ ಆ ಕಡೆ ಹೋಗಿ ತಿರುಗಿ ಬರಲು ಹಿಡಿಯುವ ಹೊತ್ತು. ಆಟದಲ್ಲಿ ಇವನು ಗುಂಡು ಹೊಡೆಯುವಷ್ಟರಲ್ಲಿ ಎದುರಿನವನು ಇವನನ್ನು ಹೊಡೆದು, ಮುಂದಿನ ಓಣಿಗೆ ಹೋಗಿರುತ್ತಾನಂತೆ. ಅವ್ವ ಯೂಟ್ಯೂಬಿನಲ್ಲಿ ಪ್ರವಚನ ಕೇಳುತ್ತಾಳೆ. "ಸ್ವಾಮಿಗಳು ನಡುವ ಸುಮ್ನ ಆಗ್ತಾರಪಾ. ಅವರ ಮೌನೋ, ಡಬ್ಬಿ ಮೌನೋ ತಿಳಿಯಂಗಿಲ್ಲ."

ಈ ಕೊನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ಪ್ರವಚನಕ್ಕೆ ಬೇಕಾಗುವ ಸ್ಪೀಡು ತೀರಾ ಕಡಿಮೆ. ಚಿತ್ರ ಸ್ವಚ್ಛ ಕಾಣುವಂತೆ ಎಚ್‌ಡಿ ಸಿನಿಮಾ ನೋಡಲಿಕ್ಕೇ 5 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 5 ಮೆಗಾಬಿಟ್, ಇದ್ದರೆ ಸಾಕು. ನಾವು ದುಡ್ಡು ಕಟ್ಟುತ್ತಿರುವುದು 100ಕ್ಕೆ. ಹಾಗಾದರೆ ಉಳಿದದ್ದು ಎಲ್ಲಿ ಹೋಯಿತು?

ಎದುರುಮನೆ ಕಾಕಾ ಒಂದು ಕಾಲಕ್ಕೆ ದೂರವಾಣಿ ಇಲಾಖೆಯಲ್ಲಿ ಕಂಬ ಹತ್ತಿ ಇಳಿದವರು. ಇಂಥ ಪ್ರಶ್ನೆ ಬಂದರೆ ಕರೆಯದಿದ್ದರೂ ಬರುತ್ತಾರೆ. ಚಹಾ ಕುಡಿದು ಹೇಳಿದರು: "ತಮ್ಮಾ, ಮಲಪ್ರಭಾದಾಗ ನೀರು ಎಷ್ಟರ ಇರ್ಲಿ. ನಿನ್ನ ಕೊಡಾ ತುಂಬೂದು ನಿನ್ನ ನಳದ ಅಳತಿ ಮ್ಯಾಲ." ನೀರು ಯಾವತ್ತು ಬರುತ್ತದೆ ಅಂತ ಕ್ಯಾಲೆಂಡರ್ ಮೇಲೆ ಗುರುತು ಹಾಕಿಕೊಂಡು ಬದುಕಿದ ಊರು ನಮ್ಮದು. ಇದಕ್ಕಿಂತ ಚೆನ್ನಾಗಿ ಯಾರೂ ನಮಗೆ ತಿಳಿಸಿ ಹೇಳಲಾರರು. ಇನ್ನು ನಳ ಎಲ್ಲಿ ಸಣ್ಣದಾಗಿದೆ ಅಂತ ಹುಡುಕಬೇಕು, ಅಷ್ಟೇ.

ಕಾಕಾ ಅಷ್ಟಕ್ಕೇ ಎದ್ದು ಹೋಗುವವರಲ್ಲ. ಹಳೆಯದೆಲ್ಲ ತೆಗೆದರು. 1995ರ ಆಗಸ್ಟ್ 15ಕ್ಕೆ ಆಗಿನ ಸರಕಾರಿ ಕಂಪನಿ ವಿಎಸ್‌ಎನ್‌ಎಲ್ ನಮ್ಮ ದೇಶದ ಜನರಿಗೆ ಇಂಟರ್ನೆಟ್ ತೆರೆದುಕೊಟ್ಟಿತು. ದೊಡ್ಡ ಊರುಗಳಿಗೆ ಮೊದಲು, ನಮ್ಮಂಥವರಿಗೆ ಆಮೇಲೆ. ಆಗಿನ ಮೋಡೆಮ್ಮು ಫೋನ್ ತಂತಿಯ ಮೇಲೆ ಕಿರ್ ಕಿರ್ ಅಂತ ಕೂಗಿಯೇ ಕೆಲಸ ಶುರು ಮಾಡುತ್ತಿತ್ತು. ಬಹಳ ಆದರೆ ಸೆಕೆಂಡಿಗೆ 56 ಕಿಲೋಬಿಟ್. ನಾಲ್ಕು ಎಂಬಿಯ ಒಂದು ಹಾಡು ಇಳಿಯಲು ಹತ್ತು ನಿಮಿಷಕ್ಕೂ ಹೆಚ್ಚು ಬೇಕು. ಅಷ್ಟು ಹೊತ್ತೂ ಫೋನು ಎಂಗೇಜ್. ಗದಗದ ಅತ್ತೆ ಮಾವ ಫೋನ್ ಹಚ್ಚಿ ಹಚ್ಚಿ ಸಾಕಾಗಿ, ಇವರ ಮನೆಯಲ್ಲಿ ಏನೋ ಆಗಿದೆ ಅಂತ ಬಸ್ ಹತ್ತಿ ಬಂದ ಮನೆಗಳೂ ಇದ್ದವಂತೆ. ಕಾಕಾ ಹೇಳಿದ್ದರಲ್ಲಿ ಒಂದಿಷ್ಟು ಕಳೆದೇ ಕೇಳಬೇಕು.

ಆಮೇಲೆ ಬಂದ ಬ್ರಾಡ್‌ಬ್ಯಾಂಡ್ ಬಗ್ಗೆ ಅವರಿಗೆ ನಿಜವಾದ ಅಭಿಮಾನ. ಆ ಉಪಾಯ ಈಗಲೂ ಚೆಂದವೇ. ಫೋನಿನಲ್ಲಿ ನಮ್ಮ ಮಾತು ಸಾಗುವುದು 3400 ಹರ್ಟ್ಸ್, ಅಂದರೆ ಸೆಕೆಂಡಿಗೆ 3400 ಕಂಪನದ ಒಳಗೆ. ಅದೇ ತಾಮ್ರದ ತಂತಿಯಲ್ಲಿ ಅದರ ಮೇಲಿನ ಜಾಗವೆಲ್ಲ ಖಾಲಿ ಬಿದ್ದಿತ್ತು. ಇಂಟರ್ನೆಟ್ಟನ್ನು ಆ ಖಾಲಿ ಜಾಗದಲ್ಲಿ ಕೂಡಿಸಿದರು. ಗೋಡೆಯ ಹತ್ತಿರ ಸ್ಪ್ಲಿಟರ್ ಅಂತ ಒಂದು ಸಣ್ಣ ಡಬ್ಬಿ ಇಟ್ಟು ಮಾತನ್ನೂ ಡಾಟಾವನ್ನೂ ಬೇರೆ ಮಾಡಿದರು. ಫೋನೂ ನಡೆಯಿತು, ನೆಟ್ಟೂ ನಡೆಯಿತು. 2004ರ ಸರಕಾರಿ ನೀತಿಯ ಪ್ರಕಾರ 256 ಕಿಲೋಬಿಟ್ ಬಂದರೆ ಅದು ಬ್ರಾಡ್‌ಬ್ಯಾಂಡ್. ಇವತ್ತು ಅಷ್ಟರಲ್ಲಿ ಒಂದು ಮದುವೆ ಫೋಟೋ ಕಳಿಸುವಷ್ಟರಲ್ಲಿ ಮದುವೆಯೇ ಹಳೆಯದಾದೀತು. 2023ರಲ್ಲಿ ಆ ಗೆರೆಯನ್ನು 2 ಎಂಬಿಪಿಎಸ್‌ಗೆ ಏರಿಸಿದರು.

ತಾಮ್ರಕ್ಕೆ ಎರಡು ದುಃಖ. ಒಂದು ದೂರ. ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ದಾಟಿದರೆ ಸಿಗ್ನಲ್ಲಿಗೆ ಸುಸ್ತು. ಇನ್ನೊಂದು ನಮ್ಮ ಧಾರವಾಡದ ಮಳೆ. ಧೋ ಅಂತ ಬಂದು ಹೋಗುವ ಮಳೆಯಲ್ಲ ಅದು, ಜಿಟಿಜಿಟಿ ದಿನವಿಡೀ ಹಿಡಿಯುವಂಥದ್ದು. ತಂತಿಯ ಜಾಯಿಂಟಿನಲ್ಲಿ ನೀರು ಸೇರಿದರೆ ಫೋನಿನಲ್ಲಿ ಗರಗರ, ನೆಟ್ಟು ಆಮೆ. "ಆಷಾಢದಾಗ ನಮಗ ಮನಿ ಊಟ ಇರ್ತಿದ್ದಿಲ್ಲ" ಅನ್ನುತ್ತಾರೆ ಕಾಕಾ.

ಈಗಿನದು ಫೈಬರ್, ಅಂದರೆ ಗಾಜು. ಮಳೆಗೆ ಅದು ಸೊಪ್ಪು ಹಾಕುವುದಿಲ್ಲ. ಅದರ ಶತ್ರುಗಳು ಬೇರೆ: ರಸ್ತೆ ಅಗೆಯುವ ಜೆಸಿಬಿ, ಕಂಬದಿಂದ ಕಂಬಕ್ಕೆ ಜಿಗಿಯುವ ಮಂಗ್ಯಾ. ಮಂಗ್ಯಾ ಕೇಬಲ್ ಹಿಡಿದು ಜೋತುಬಿತ್ತು ಅಂದರೆ ಡಬ್ಬಿಯಲ್ಲಿ ಕೆಂಪು ದೀಪ. ಬೆಳಕು ಬರುತ್ತಿಲ್ಲ ಅಂತ ಅರ್ಥ. ಆಗ ಹೊಸ ಡಬ್ಬಿ ತಂದರೂ ಅದರಲ್ಲೂ ಕೆಂಪು ದೀಪವೇ.

ನಮ್ಮಲ್ಲಿ ದೀಪವೆಲ್ಲ ಹಸಿರು. ಸಮಸ್ಯೆ ಮಾತ್ರ ಇದೆ. ಎಲ್ಲರೂ ಹೇಳುವ ಮೊದಲ ಮದ್ದು "ಬಂದ್ ಮಾಡಿ ಚಾಲೂ ಮಾಡ್ರಿ". ನಗಬೇಡಿ, ಇದಕ್ಕೆ ಕಾರಣವಿದೆ. ಡಬ್ಬಿಯೂ ಒಂದು ಸಣ್ಣ ಕಂಪ್ಯೂಟರು. ಯಾವ ಫೋನು ಏನು ಕೇಳಿತು, ಉತ್ತರವನ್ನು ಯಾರಿಗೆ ತಲುಪಿಸಬೇಕು ಅಂತ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಹಳೇ ಡಬ್ಬಿಯ ನೆನಪಿನ ಜಾಗ ಚಿಕ್ಕದು. ಮನೆಯ ಫೋನು, ಟಿವಿ, ಲ್ಯಾಪ್‌ಟಾಪು ಎಲ್ಲ ಸೇರಿ ಅದನ್ನು ತುಂಬಿಸಿದಾಗ ತಡವರಿಸುತ್ತದೆ. ಆರಿಸಿ ಹಚ್ಚಿದರೆ ಪಟ್ಟಿ ಖಾಲಿ, ಒಂದೆರಡು ದಿನ ಹುರುಪು.

ಮದ್ದು ಬೇರೆ, ಪರೀಕ್ಷೆ ಬೇರೆ. ಪರೀಕ್ಷೆ ಮಗ ಮಾಡಿದ. ಲ್ಯಾಪ್‌ಟಾಪನ್ನು ವೈರ್ ಹಾಕಿ ನೇರವಾಗಿ ಡಬ್ಬಿಗೇ ಜೋಡಿಸಿ ಸ್ಪೀಡು ನೋಡಿದ. 94. ವೈರ್ ತೆಗೆದು ಅಲ್ಲೇ ಪಡಸಾಲೆಯಲ್ಲಿ ವೈಫೈ ಮೇಲೆ ನೋಡಿದ. ಮೂವತ್ತರ ಆಸುಪಾಸು. ಒಳಕೋಣೆಗೆ ಹೋಗಿ ನೋಡಿದ. ಏಳು. ನೂರಕ್ಕೆ ಆರು ಕಡಿಮೆ ಬಂತು ಅಂತ ನಾನು ಕಂಪನಿಯ ಮೇಲೆ ಏರಿ ಹೋಗುವವನಿದ್ದೆ. ಹಳೇ ಡಬ್ಬಿಯ ವೈರಿನ ಪೋರ್ಟಿಗೇ ನೂರರ ಮಿತಿ ಇದೆ, ಡಾಟಾದ ಜೊತೆ ಹೋಗುವ ವಿಳಾಸ, ಲೆಕ್ಕಪತ್ರದ ಖರ್ಚು ಕಳೆದರೆ ಕೈಗೆ ಬರುವುದು ಅಷ್ಟೇ ಅಂತ ಮಗ ತಡೆದ. ಹಾವೇರಿಯ ನಮ್ಮ ಭಾವನವರದು ಇನ್ನೂ ದೊಡ್ಡ ಜಗಳ. 100 ಅಂತ ಹೇಳಿ ಸೆಕೆಂಡಿಗೆ 12 ಎಂಬಿ ಕೊಡುತ್ತಾರೆ, ಹಗಲುದರೋಡೆ ಅನ್ನುತ್ತಾರೆ ಅವರು. ಕಂಪನಿ ಎಣಿಸುವುದು ಬಿಟ್ಟಿನಲ್ಲಿ, ಕಂಪ್ಯೂಟರ್ ತೋರಿಸುವುದು ಬೈಟಿನಲ್ಲಿ, ಎಂಟು ಬಿಟ್ಟಿಗೆ ಒಂದು ಬೈಟು ಅಂತ ಯಾರು ತಿಳಿಸಿ ಹೇಳಿದರೂ ಭಾವನವರ ಸಿಟ್ಟು ಎಂಟರಿಂದ ಭಾಗವಾಗುವುದಿಲ್ಲ.

ಅಂದರೆ ಕಂಬದಿಂದ ತಿಜೋರಿಯವರೆಗೆ ಎಲ್ಲ ಸರಿ ಇದೆ. ತಿಜೋರಿಯಿಂದ ಒಳಕೋಣೆಗೆ ನಾಲ್ಕು ಹೆಜ್ಜೆ, ಅಲ್ಲೇ ಹತ್ತಿರಹತ್ತಿರ ತೊಂಬತ್ತು ಸೋರಿ ಹೋಗುತ್ತಿದೆ. ಮಗನ ಪಿಂಗ್ ಕಥೆಯೂ ಇದೇ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಮುಂಬೈವರೆಗೆ ಹೋಗಿ ತಿರುಗಿ ಬರಲು ಅದಕ್ಕೆ ಐದಾರು ಮಿಲಿಸೆಕೆಂಡ್ ಸಾಕು. ದಾರಿ ಸುತ್ತುಬಳಸಾದರೆ, ನಡುವೆ ಮಷೀನುಗಳಲ್ಲಿ ನಿಂತು ಹೋದರೆ ಇನ್ನೊಂದಿಷ್ಟು. ಆಮೇಲೆ ನಮ್ಮ ಪಡಸಾಲೆಯಿಂದ ಒಳಕೋಣೆ ಸೇರಲು, ಸಂಜೆ ಹೊತ್ತು, ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹೊತ್ತು ಹಿಡಿಯುತ್ತದೆ. ಮುಂಬೈ ಹತ್ತಿರ, ಒಳಕೋಣೆ ದೂರ.

ಯಾಕೆ ಅಂತ ಹುಡುಕಿದರೆ ಕಾರಣಗಳು ಸಾಲು ಸಾಲು. ಡಬ್ಬಿ ಕೂತಿರುವುದು ಉಕ್ಕಿನ ತಿಜೋರಿಯ ಮೇಲೆ. ಲೋಹ ರೇಡಿಯೋ ಅಲೆಯನ್ನು ದಾಟಗೊಡುವುದಿಲ್ಲ, ತಿರುಗಿಸಿ ಕಳಿಸುತ್ತದೆ. ನಡುವೆ ಅಜ್ಜ ಕಟ್ಟಿಸಿದ ಗೋಡೆ, ಒಂದೂವರೆ ಅಡಿ ದಪ್ಪದ ಕಲ್ಲು. ಮೇಲಿಂದ ಓಣಿಯ ವೈಫೈಗಳು. ಫೋನಿನಲ್ಲಿ ಪಟ್ಟಿ ತೆಗೆದರೆ ಅಕ್ಕಪಕ್ಕದ ಮನೆಗಳೆಲ್ಲ ಅಲ್ಲಿವೆ. ಒಬ್ಬರು ತಮ್ಮ ವೈಫೈಗೆ 'ಪಾಸ್‌ವರ್ಡ್ ಕೇಳಬ್ಯಾಡ್ರಿ' ಅಂತಲೇ ಹೆಸರಿಟ್ಟಿದ್ದಾರೆ. ಹಳೇ ಡಬ್ಬಿಗಳ ವೈಫೈ ಓಡುವುದು 2.4 ಗಿಗಾಹರ್ಟ್ಸ್ ಅಲೆಯ ಮೇಲೆ. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲು, ಅಂದರೆ ಅಲೆ ಓಡುವ ದಾರಿ, ಮೂರೇ: 1, 6, 11. ಇಡೀ ಓಣಿ ಆ ಮೂರರಲ್ಲೇ ಹೊಂದಿಕೊಳ್ಳಬೇಕು. ಸಂಜೆ ಏಳಕ್ಕೆ ಎಲ್ಲರ ಮನೆಯ ಟಿವಿ ಶುರುವಾದಾಗ ಏನಾಗುತ್ತದೆ ನೋಡಿ.

ಇಷ್ಟೆಲ್ಲ ಆದ ಮೇಲೂ ನಾವು ಡಬ್ಬಿಯನ್ನೇ ಯಾಕೆ ಹಿಡಿದುಕೊಳ್ಳುತ್ತೇವೆ? ಲೈನು ಕಂಪನಿಯದು. ಗೋಡೆ ಅಜ್ಜನದು. ಪಕ್ಕದವರ ವೈಫೈ ಪಕ್ಕದವರದು. ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಬದಲಾಯಿಸಬಹುದಾದದ್ದು ಡಬ್ಬಿ ಮಾತ್ರ. ಹಾಗಾಗಿ ತಪ್ಪು ಅದರದೇ ಇರಲಿ ಅಂತ ನಮಗೆ ಒಳಗೊಳಗೇ ಆಸೆ. ಕಂಪನಿಯಿಂದ ಒಬ್ಬಳು ಹುಡುಗಿ ಫೋನ್ ಮಾಡಿ "ಸರ್, 300ರ ಪ್ಲ್ಯಾನ್ ತಗೊಳ್ಳಿ, ಮೋಡೆಮ್ ಫ್ರೀ" ಅಂದಾಗ ನಾನೂ ಅರ್ಧ ಒಪ್ಪಿಬಿಟ್ಟಿದ್ದೆ. ತಿಜೋರಿಯ ಮೇಲೆ ಮುನ್ನೂರು ಬಂದರೂ ಒಳಕೋಣೆಯಲ್ಲಿ ಪ್ರವಚನ ಕೇಳುವ ಅವ್ವನಿಗೆ ಸಿಗುವುದು ಎಷ್ಟು ಅಂತ ಆ ಹುಡುಗಿಗೆ ಕೇಳಲಿಲ್ಲ. ಪಾಪ, ಅವಳ ಕಾಗದದಲ್ಲಿ ಗೋಡೆಯ ದಪ್ಪ ಬರೆದಿರುವುದಿಲ್ಲ.

ಇನ್ನೊಂದು ತೊಡಕು ಇದೆ. ಫೈಬರಿನ ಡಬ್ಬಿಯನ್ನು ಪ್ಯಾಟಿಯಲ್ಲಿ ಕೊಂಡು ತಂದು ಚುಚ್ಚಿದರೆ ನಡೆಯುವುದಿಲ್ಲ. ಅದರ ಸೀರಿಯಲ್ ನಂಬರು ಕಂಪನಿಯವರ ಮಷೀನಿನಲ್ಲಿ ದಾಖಲಾಗಿರಬೇಕು. ಆ ಕಡೆಯಿಂದ ಒಂದೇ ಗಾಜಿನ ಎಳೆಯಲ್ಲಿ ಬಂದ ಬೆಳಕನ್ನು ದಾರಿಯಲ್ಲಿ ಹತ್ತಾರು ಮನೆಗಳಿಗೆ ಹಂಚಿರುತ್ತಾರೆ. ಯಾರ ಸರದಿ ಯಾವಾಗ ಅನ್ನುವುದೂ ಅಲ್ಲಿಂದಲೇ ತೀರ್ಮಾನ. ಗುರುತಿಲ್ಲದ ಡಬ್ಬಿಗೆ ಆ ಸಾಲಿನಲ್ಲಿ ಜಾಗವಿಲ್ಲ. ಆದ್ದರಿಂದ ಬೆಳಕು ಹಿಡಿಯುವ ಕೆಲಸವನ್ನು ಹಳೇ ಡಬ್ಬಿಗೇ ಬಿಟ್ಟು, ವೈಫೈ ಹಂಚುವ ಕೆಲಸಕ್ಕೆ ಬೇರೆ ರೂಟರು ತರುವುದು ಒಳ್ಳೆಯದು.

ರೂಟರಿಗೆ ಎರಡು ಸಾವಿರದ ಸುತ್ತಮುತ್ತ. 5 ಗಿಗಾಹರ್ಟ್ಸ್ ಕೂಡ ಇರುವಂಥದ್ದು. ಅದರಲ್ಲಿ ಚಾನೆಲ್ಲು ಬೇಕಾದಷ್ಟು, ಓಣಿಯ ಗದ್ದಲ ಕಡಿಮೆ, ಸ್ಪೀಡು ಜಾಸ್ತಿ. ಆದರೆ ಗೋಡೆ ಕಂಡರೆ 2.4ಕ್ಕಿಂತ ಬೇಗ ಸೋಲುತ್ತದೆ. ಅಂದಮೇಲೆ ಅದನ್ನೂ ತಿಜೋರಿಯ ಮೇಲೆ ಇಟ್ಟರೆ ಪ್ರಯೋಜನವಿಲ್ಲ. ಮನೆಯ ನಟ್ಟನಡುವೆ ಇಡಬೇಕು. ಅಲ್ಲಿಯವರೆಗೆ ವೈರ್ ಹೋಗಬೇಕು. ವೈರ್ ಹೋಗಲು ಗೋಡೆಗೆ ತೂತು ಬೇಕು.

"ಅಜ್ಜ ಕಟ್ಟಿದ ಗ್ವಾಡಿಗೆ ಡ್ರಿಲ್ ಹಚ್ಚಂಗಿಲ್ಲ" ಅಂದಳು ಅವ್ವ. ಮಾತು ಅಲ್ಲಿಗೆ ನಿಂತಿತು. ದಾರಿ ತೋರಿಸಿದವರು ಕಾಕಾ. ಲ್ಯಾಂಡ್‌ಲೈನ್ ಇದ್ದ ಕಾಲಕ್ಕೆ ಅವರೇ ಮಾಡಿದ್ದ ತೂತು ಬಾಗಿಲ ಚೌಕಟ್ಟಿನ ಮೇಲೆ ಇನ್ನೂ ಇತ್ತು, ಸುಣ್ಣದಲ್ಲಿ ಮುಚ್ಚಿಹೋಗಿತ್ತು. ಬೆರಳಿನಿಂದ ಕೆದರಿ ತೋರಿಸಿದರು. ತೂತು ಸಣ್ಣದು, ಇಂಟರ್ನೆಟ್ ವೈರಿನ ತುದಿಯ ಪ್ಲಾಸ್ಟಿಕ್ ಪಿನ್ನು ಅದರಲ್ಲಿ ಹಿಡಿಯುವುದಿಲ್ಲ. ಬರೀ ವೈರ್ ತೂರಿಸಿ ಆಮೇಲೆ ಪಿನ್ನು ಒತ್ತಿಸಿದೆವು. ಎಂಟು ತಂತಿಗಳೂ ಸರಿಯಾಗಿ ಕೂತಿವೆಯೋ ಇಲ್ಲವೋ ಅಂತ ಕಾಕಾ ಕನ್ನಡಕ ಏರಿಸಿ ಒಂದೊಂದೇ ಬಣ್ಣ ನೋಡಿದರು. ನಾಲ್ಕೇ ಕೂತರೂ ವೈರ್ ನಡೆಯುತ್ತದೆ, ಆದರೆ ನೂರರ ಮೇಲೆ ಏರುವುದಿಲ್ಲ. ಮುಂದೆ ಯಾವತ್ತಾದರೂ ಆ ಹುಡುಗಿಯ ಮುನ್ನೂರಕ್ಕೆ ಹೂಂ ಅಂದರೆ ಆಗ ಬೇಕಾದೀತು.

ಈಗ ಒಳಕೋಣೆಯಲ್ಲಿ ಎಂಬತ್ತರ ಮೇಲಿದೆ. ಹೆಂಡತಿಯ ಮುಖ ಮೀಟಿಂಗಿನಲ್ಲಿ ಅಲ್ಲಾಡುತ್ತದೆ. ಮಗ ಈಗಲೂ ಆಟದಲ್ಲಿ ಸೋಲುತ್ತಾನೆ, ಕಾರಣ ಹೊಸದು ಹುಡುಕುತ್ತಿದ್ದಾನೆ. ಸ್ವಾಮಿಗಳು ಈಗಲೂ ನಡುವೆ ಸುಮ್ಮನಾಗುತ್ತಾರೆ, ಅದು ಅವರದೇ ಮೌನ ಅಂತ ಖಾತ್ರಿಯಾಗಿದೆ. ಹಳೇ ಡಬ್ಬಿಯ ವೈಫೈ ಆರಿಸಿದ್ದೇವೆ, ಡಬ್ಬಿ ಮಾತ್ರ ಅಲ್ಲೇ ಇದೆ. ಒಂದರ ಬದಲು ಎರಡಾದವು, ಎರಡು ಅಡಾಪ್ಟರು. ಹತ್ತು ವ್ಯಾಟಿನ ಡಬ್ಬಿ ಹಗಲೂ ರಾತ್ರಿ ಉರಿದರೆ ತಿಂಗಳಿಗೆ ಏಳು ಯುನಿಟ್, ಅದೂ ಈಗ ಎರಡು ಪಟ್ಟು. ಕರೆಂಟ್ ಹೋದರೆ ಎರಡಕ್ಕೂ ಬೇಕು ಅಂತ ಮಗ 12 ವೋಲ್ಟಿನ ಸಣ್ಣ ಯುಪಿಎಸ್ ಒಂದನ್ನು ನೋಡಿಟ್ಟಿದ್ದಾನೆ. ಒಳಕೋಣೆಯ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ರೂಟರಿಗೆ ಜಾಗ ಮಾಡಲು ಸೊಳ್ಳೆ ಔಷಧಿಯ ಮಷೀನು ತೆಗೆದಿದ್ದೆವು. ಮಾಳಮಡ್ಡಿಯ ಸೊಳ್ಳೆಗಳಿಗೆ ಅದು ಮೊದಲ ರಾತ್ರಿಯೇ ಗೊತ್ತಾಯಿತು. ಈಗ ಬೋರ್ಡು ಬದಲಿ ಮಾಡೋಣೇನ್ರಿ ಅನ್ನುತ್ತಿದ್ದಾಳೆ ಹೆಂಡತಿ.