ನ್ಯೂಟ್ರಲ್ ಅಂದ್ರೆ ಗೇರಲ್ಲ ಮಾರಾಯ್ರೆ

ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಗೇರಾ ಅಂತ ಕೇಳಿದ್ರು. ಗೇರಾ!

"ನ್ಯೂಟ್ರಲ್ ಕ್ಯೂರ್ ಸಿಲಿಕಾನ್ ಉಂಟಾ?" ಅಂತ ಕೇಳಿದ್ದು ಅಷ್ಟೇ. ಸಂದಿ ಮುಚ್ಚುವ ಸಿಲಿಕಾನ್ ಗಮ್‌ನಲ್ಲಿ, ಗಟ್ಟಿಯಾಗುವಾಗ (ಅದೇ ಕ್ಯೂರ್) ಆಮ್ಲ ಬಿಡದ ಜಾತಿ ಅದು. ಕೌಂಟರಿನ ಹಿಂದೆ ಕೂತ ಮಹಾನುಭಾವರು ಕನ್ನಡಕದ ಮೇಲಿಂದ ನೋಡಿ, "ನ್ಯೂಟ್ರಲ್ಲಾ? ಫಸ್ಟು ಸೆಕೆಂಡು ಬೇಡ್ವಾ? ಇದೆಂಥ ಬೈಕಿನ ಗೇರಾ ಮಾರಾಯ್ರೆ?" ಅಂತ. ಸಿಮೆಂಟ್ ಚೀಲ ಹೊರ್ತಿದ್ದ ಹುಡುಗರು ನಿಂತು ನಕ್ರು. ಪೇಂಟ್ ತಗೊಳ್ಳಿಕ್ಕೆ ಬಂದವರು ನಕ್ರು. ಮೊಳೆ ತೂಗಿಸ್ತಾ ಇದ್ದವರೊಬ್ಬರು ನಗಲಿಲ್ಲ, ಅವರು ಇನ್ನೂ ಕಷ್ಟ: "ಅವರಿಗೆ ಬೇಕಾದ್ದು ಬೆಂಗಳೂರಲ್ಲಿ ಸಿಗ್ತದೆ, ನನ್ನ ಮೊಳೆ ಕೊಡಿ ಮೊದಲು" ಅಂತ ನನ್ನನ್ನು ಮೊಣಕೈಯಲ್ಲಿ ಬದಿಗೆ ಸರಿಸಿದ್ರು.

ಅಷ್ಟಕ್ಕೇ ಬಿಡಲಿಲ್ಲ. ಟ್ಯೂಬ್ ತಿರುಗಿಸಿ ಹಿಂದಿನ ಅಕ್ಷರ ಓದ್ಲಿಕ್ಕೆ ನೋಡಿದೆ, ಇರುವೆಗಿಂತ ಸಣ್ಣ ಅಕ್ಷರ. ತೆರೆದಿಟ್ಟ ಇನ್ನೊಂದು ಟ್ಯೂಬಿನ ಮೂತಿ ಮೂಸಿ ನೋಡಿದೆ, ಯಾಕಂದ್ರೆ ಅದೇ ಅತಿ ಸುಲಭದ ಪರೀಕ್ಷೆ. "ಓಹೋ ಅತ್ತರು! ಮದುವೆಗೆ ಹಾಕ್ಲಿಕ್ಕಾ?" ಮತ್ತೆ ನಗು. ಕೊನೆಗೆ ಜಿಪಿ, ಅಂದ್ರೆ ಜನರಲ್ ಪರ್ಪಸ್, ಸಿಲಿಕಾನ್ ಟ್ಯೂಬ್ ಕುಟ್ಟಿ ಇಟ್ಟು, "ಎಲ್ಲ ಒಂದೇ ಗಮ್. ಇಡೀ ಊರು ಇದನ್ನೇ ಹಾಕುದು. ನಿಮ್ಗೆ ಮಾತ್ರ ಎಂಥ ವಿಶೇಷ?"

ಎಂಥ ವಿಶೇಷ ಅಂತ ಈಗ ಹೇಳ್ತೇನೆ, ಅಲ್ಲಿ ಬಾಯಿ ಬರಲಿಲ್ಲ.

ಆ ಬೋರ್ಡ್ ನೋಡ್ಬೇಕಿತ್ತು ನೀವು. ತೋಟದ ಪಂಪನ್ನು ಆನ್-ಆಫ್ ಮಾಡುವ ಕಂಟ್ರೋಲರಿನ ಸರ್ಕ್ಯೂಟ್ ಬೋರ್ಡ್. ಮಳೆಗಾಲ ಬಂತು, ನೀರು ಹೋಗ್ಬಾರ್ದು ಅಂತ ಯಾರೋ ಪುಣ್ಯಾತ್ಮ ಡಬ್ಬಿಯೊಳಗೆ ಎರಡು ಬೆರಳು ದಪ್ಪಕ್ಕೆ ಇದೇ ಜಿಪಿ ಸಿಲಿಕಾನ್ ತುಂಬಿ, ಆವತ್ತು ಸಂಜೆಯೇ ಮುಚ್ಚಳ ಬಿಗಿದಿದ್ದಾನೆ. ಮುಚ್ಚಳ ತೆಗೆದರೆ ಹುಳಿ ಘಾಟು, ಒಳಗೆ ಇನ್ನೂ ಬೆಣ್ಣೆ ಹಾಗೆ ಹಸಿ, ವೈರಿನ ಎಳೆಯೆಲ್ಲ ಹಸಿರು. ಮೇಲಿಂದ ಒಂದು ಹನಿ ನೀರು ಹೋಗ್ಲಿಲ್ಲ. ಬೋರ್ಡನ್ನು ಕೊಂದದ್ದು ಸೀಲಂಟೇ.

ಜಿಪಿ ಅಂತ ಸಿಗುವ ಅಗ್ಗದ ಸಿಲಿಕಾನ್ ಹೆಚ್ಚಿನದ್ದು ಅಸಿಟಾಕ್ಸಿ ಜಾತಿ. ಗಾಳಿಯ ತೇವ ಹೀರಿ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡ್ತದೆ, ವಿನೆಗರ್‌ನ ಆಮ್ಲವೇ ಅದು. ತಾಮ್ರದ ಚೊಂಬಿನಲ್ಲಿ ಹುಳಿ ಇಡಬಾರದು, ಕಿಲುಬು ಬರ್ತದೆ ಅಂತ ಮನೆಯ ಅಜ್ಜಿಗೆ ಗೊತ್ತುಂಟು. ಪ್ಯಾನೆಲ್ ಕಟ್ಟುವವನಿಗೆ ಗೊತ್ತಿಲ್ಲ! ಬೋರ್ಡಿನ ತಾಮ್ರದ ಗೆರೆಗಳ ಮೇಲೆ ಸೋಲ್ಡರ್ ಮಾಸ್ಕ್ ಅನ್ನುವ ರಕ್ಷಣೆಯ ಪದರ ಇರ್ತದೆ, ಅವು ಸ್ವಲ್ಪ ದಿನ ತಡೀತವೆ. ಮೊದಲು ಹೋಗುದು ಸ್ಕ್ರೂ ಟರ್ಮಿನಲ್ಲಿನ ಹಿತ್ತಾಳೆ, ಸುಲಿದ ವೈರಿನ ಎಳೆ, ರಿಲೇಯ (ಮೋಟಾರನ್ನು ಆನ್-ಆಫ್ ಮಾಡುವ ಸ್ವಿಚ್ಚು) ಕಾಲು, ಬೆಸುಗೆಯ ಅಂಚು.

ಮತ್ತೆ ಗಟ್ಟಿಯಾಗುದು ಹೊರಗಿಂದ ಒಳಕ್ಕೆ. 25 ಡಿಗ್ರಿ, 50 ಶೇಕಡ ತೇವದಲ್ಲಿ ಮೊದಲ 24 ಗಂಟೆಗೆ 2ರಿಂದ 3 ಮಿ.ಮೀ. ಆಮೇಲೆ ಇನ್ನೂ ನಿಧಾನ, ಯಾಕಂದ್ರೆ ಗಟ್ಟಿಯಾದ ಪದರ ದಾಟಿಯೇ ತೇವ ಒಳಗೆ ಹೋಗ್ಬೇಕು. ಎರಡು ಬೆರಳು ದಪ್ಪ ಅಂದ್ರೆ ವಾರಗಟ್ಟಲೆ. ಮುಚ್ಚಳ ಹಾಕಿದ್ರೆ ತೇವವೂ ಒಳಗೆ ಬರುದಿಲ್ಲ, ಆಮ್ಲವೂ ಹೊರಗೆ ಹೋಗುದಿಲ್ಲ. ಸಾವು!

ಆಮೇಲೆ ನಡೆಯುದು ಇನ್ನೂ ಚಂದ. ಕಿಲುಬು ಮತ್ತು ತೇವ ಸೇರಿ ಎರಡು ಗೆರೆಗಳ ನಡುವೆ ಸಣ್ಣ ಸೋರಿಕೆ ಶುರು ಆಗ್ತದೆ. ಟ್ಯಾಂಕಿನ ನೀರಿನ ಮಟ್ಟ ನೋಡುವ ಪ್ರೋಬಿನ ಇನ್‌ಪುಟ್‌ಗೆ 10 ಲಕ್ಷ ಓಮ್ ಪುಲ್‌ಅಪ್, ಅಂದ್ರೆ ಅದನ್ನು 5 ವೋಲ್ಟಿಗೆ ಎಳೆದಿಡುವ ರೆಸಿಸ್ಟರ್, ಉಂಟು ಅಂತಿಟ್ಟುಕೊಳ್ಳಿ. ಸೋರಿಕೆ 2 ಲಕ್ಷ ಓಮ್ ಆದ್ರೆ ಸಾಕು, 5 ವೋಲ್ಟಿನ ಜಾಗದಲ್ಲಿ 0.83 ವೋಲ್ಟ್. ಕಂಟ್ರೋಲರ್ "ನೀರು ಮುಟ್ಟಿತು, ಟ್ಯಾಂಕ್ ತುಂಬಿದೆ" ಅಂತ ತಿಳ್ಕೊಳ್ತದೆ. ಮೋಟಾರ್ ಆನ್ ಆಗುದೇ ಇಲ್ಲ. ಅಲ್ಲಿಗೆ ಮೆಕ್ಯಾನಿಕ್ ಬರ್ತಾನೆ, ಮೋಟಾರ್ ಬಿಚ್ಚುತ್ತಾನೆ, ಕೆಪಾಸಿಟರ್ ಬದಲಿಸ್ತಾನೆ, ಬಿಲ್ಲು ಕೊಡ್ತಾನೆ. ಬೋರ್ಡ್ ಮಾತ್ರ ಯಾರೂ ನೋಡುದಿಲ್ಲ.

ಹೋಗ್ಲಿ ಬಿಡಿ. ಏನಾದ್ರೂ ತುಂಬ್ಕೊಳ್ಳಲಿ, ನನಗೆಂಥ? ಸಗಣಿ ತುಂಬ್ಲಿ. ಸಗಣಿಯಾದ್ರೂ ಇಷ್ಟು ಹಾಳು ಮಾಡ್ಲಿಕ್ಕಿಲ್ಲ.

ಇಲ್ಲ, ಬಿಡ್ಲಿಕ್ಕಾಗುದಿಲ್ಲ. "ನ್ಯೂಟ್ರಲ್" ಅಂತ ಬರೆದದ್ದು ಸಿಕ್ಕಿದ್ರೂ ಕಥೆ ಮುಗಿಯುದಿಲ್ಲ, ಅದರಲ್ಲಿ ಮುಖ್ಯವಾಗಿ ಎರಡು ಜಾತಿ. ಆಕ್ಸೈಮ್ ಜಾತಿಯದ್ದು ಕಿಟಕಿ, ಅಲ್ಯೂಮಿನಿಯಂ ಫ್ರೇಮ್, ಗೋಡೆಯ ಸಂದಿಗೆ ಒಳ್ಳೆಯದು. ಮುಚ್ಚಿದ ಡಬ್ಬಿಯೊಳಗೆ ಹಾಕಿದ್ರೆ ಅದೂ ತಾಮ್ರ, ಹಿತ್ತಾಳೆಗೆ ಕಲೆ ತರಬಹುದು, ಪಾರದರ್ಶಕ ಪಾಲಿಕಾರ್ಬನೇಟ್ ಮುಚ್ಚಳದಲ್ಲಿ ಕೂದಲೆಳೆ ಬಿರುಕು ಬರಬಹುದು. ಬೋರ್ಡಿಗೆ ಬೇಕಾದ್ದು ಆಲ್ಕಾಕ್ಸಿ. ಅದು ಬಿಡುದು ಆಲ್ಕೊಹಾಲ್, ಹೆಚ್ಚಾಗಿ ಮೆಥನಾಲ್. ಲೋಹಕ್ಕೆ ತೊಂದರೆ ಇಲ್ಲ, ಕಿಟಕಿ ತೆರೆದಿಟ್ಟು ಕೆಲಸ ಮಾಡಿದ್ರೆ ಆಯ್ತು. ಅಮೆರಿಕದ ಸೇನೆ ಇದಕ್ಕೇ ಅಂತ ಮಿಲ್-ಎ-46146 ಅನ್ನುವ ಪ್ರತ್ಯೇಕ ಮಾನದಂಡ ಬರೆದಿಟ್ಟಿದೆ, ಸೂಕ್ಷ್ಮ ಲೋಹ ಮತ್ತು ಉಪಕರಣಗಳನ್ನು ತಿನ್ನದ ಸಿಲಿಕಾನ್‌ಗೆ. ಸೇನೆಗೆ "ಎಲ್ಲ ಒಂದೇ ಗಮ್" ಅಂತ ಹೇಳ್ಲಿಕ್ಕೆ ನಮ್ಮ ಪೇಟೆಯವರು ಸಿಗ್ಲಿಲ್ಲ, ಪಾಪ.

ಆಲ್ಕಾಕ್ಸಿ ಸಿಕ್ಕಿತು ಅಂತ ಮುಚ್ಚದ ರಿಲೇಯ ಪಕ್ಕ ಸುರಿಯುದೂ ಬೇಡ. ಸಿಲಿಕಾನಿಂದ ಹೊರಡುವ ಸಣ್ಣ ಸಿಲೋಕ್ಸೇನ್ ಆವಿ ಕಾಂಟ್ಯಾಕ್ಟಿನ ಮೇಲೆ ಕೂತು, ಕಿಡಿ ಹಾರುವಾಗ ಸುಟ್ಟು ಸಿಲಿಕಾ ಆಗ್ತದೆ. ಸಿಲಿಕಾ ಅಂದ್ರೆ ಮರಳು, ಕರೆಂಟ್ ದಾಟುದಿಲ್ಲ. ರಿಲೇ "ಟಕ್" ಅಂತದೆ, ಮೋಟಾರ್ ತಿರುಗುದಿಲ್ಲ. ಸೀಲ್ ಮಾಡಿದ ರಿಲೇ ಹಾಕಿ, ಇಲ್ಲ ದೂರ ಇಡಿ.

ಈಗ ನಾನೇ ನೆನೆಸ್ಕೊಂಡ್ರೆ ನಗು ಬರ್ತದೆ. ಒಂದು ಕಡೆ ಕೋಳಿ ಬಲೆ, ಇನ್ನೊಂದು ಕಡೆ ಪಿವಿಸಿ ಬೆಂಡು, ಮಧ್ಯೆ ನಿಂತು ಒಬ್ಬ ಮನುಷ್ಯ ಟ್ಯೂಬ್ ಮೂಸ್ತಾ "ಇದು ಮೆಥನಾಲ್ ಬಿಡ್ತದಾ, ಅಸಿಟಿಕ್ ಬಿಡ್ತದಾ" ಅಂತ ಕೇಳಿದ್ರೆ ಯಾರಾದ್ರೂ ಮಂಡೆ ಸಮ ಉಂಟಾ ಅಂತ ಕೇಳ್ತಾರೆ. ಕೇಳ್ಬೇಕು. ಆ ಮೊಳೆಯವರ ಜಾಗದಲ್ಲಿ ನಾನಿದ್ರೆ ನಾನೂ ಮೊಣಕೈ ಹಾಕ್ತಿದ್ದೆ.

ಆದ್ರೂ! ನನ್ನೆದುರಿದ್ದ ಆ 280 ಮಿ.ಲೀ. ಟ್ಯೂಬಿನ ಮುಂಭಾಗದಲ್ಲಿ ಗಾಜಿನ ಕಿಟಕಿ, ನಗುವ ಕುಟುಂಬ, ದೊಡ್ಡ ಅಕ್ಷರದಲ್ಲಿ ಹೊಳಪು, ಬಾಳಿಕೆ. ತಾಮ್ರಕ್ಕೆ ತಾಗಿಸಬೇಡಿ ಅಂತ ಒಂದು ಸಾಲು? ಕ್ಯೂರ್ ಯಾವ ಜಾತಿ ಅಂತ ಒಂದು ಶಬ್ದ, ಕನ್ನಡದಲ್ಲಿ? ಯಾರು ಉತ್ತರ ಕೊಡುದು ಇದಕ್ಕೆ? ಮಾಡುವವರಾ, ಮಾರುವವರಾ, ಅಳತೆ-ತೂಕದವರಾ? ಯಾರಾದ್ರೂ ಒಬ್ಬರು ಹೇಳಿ. ಸೋಪಿನ ಮೇಲೆ ಕೊಬ್ಬಿನಂಶದ (ಟಿಎಫ್‌ಎಂ) ಪ್ರಮಾಣ ಬರೀಲಿಕ್ಕಾಗ್ತದೆ, ಇದಕ್ಕೆ ಜಾಗ ಇಲ್ವಾ?

ಒಬ್ಬರೂ ಹೇಳುದಿಲ್ಲ ಅಂತ ಗೊತ್ತುಂಟು. ಹಾಗಾಗಿ ನೀವೇ ಪರೀಕ್ಷೆ ಮಾಡಿ. ಖಾಲಿ ಉಪ್ಪಿನಕಾಯಿ ಬಾಟ್ಲಿ ತೊಳೆದು ಒಣಗಿಸಿ. ಮುಚ್ಚಳದ ಒಳಬದಿಗೆ ಕಡ್ಲೆ ಗಾತ್ರದ ಸಿಲಿಕಾನ್ ಹಚ್ಚಿ, ಮರಳು ಕಾಗದದಲ್ಲಿ ಉಜ್ಜಿ ಫಳಫಳ ಮಾಡಿದ ತಾಮ್ರದ ವೈರ್ ಕೆಳಗೆ ಹಾಕಿ, ಒಂದು ಹನಿ ನೀರು ಬಿಟ್ಟು ಮುಚ್ಚಿ. ಮೂರು-ನಾಲ್ಕು ದಿನ ಬಿಟ್ಟು ನೋಡಿ. ವೈರ್ ಹಸಿರಾದ್ರೆ ಅಥವಾ ಕಪ್ಪಾದ್ರೆ ಆ ಟ್ಯೂಬ್ ಬಚ್ಚಲಿಗೆ. ಅದರ ಪಕ್ಕ ಸಿಲಿಕಾನ್ ಇಲ್ಲದ ಇನ್ನೊಂದು ಬಾಟ್ಲಿಯಲ್ಲೂ ವೈರ್ ಇಡಿ, ಇಲ್ಲದಿದ್ರೆ ಬರೀ ನೀರಿನ ಕಲೆಯನ್ನೇ ಆಮ್ಲ ಅಂತ ತಿಳ್ಕೊಳ್ತೀರಿ.

ನಿಜ ಹೇಳ್ಬೇಕಾದ್ರೆ ಬೋರ್ಡ್ ಮುಚ್ಚಲಿಕ್ಕೆ ಸಿಲಿಕಾನ್ ತುಂಬುವ ಅಗತ್ಯವೇ ಇಲ್ಲ. ಅಕ್ರಿಲಿಕ್ ಕನ್ಫಾರ್ಮಲ್ ಕೋಟಿಂಗ್ ಸ್ಪ್ರೇ ಸಾಕು, ಬೋರ್ಡಿನ ಮೇಲೆ ತೆಳುವಾಗಿ ಅಂಟಿ ಕೂರುವ ರಕ್ಷಣೆಯ ಪದರ ಅದು. ಆದ್ರೆ ಅದನ್ನೂ ಒಟ್ರಾಶಿ ಹೊಡೆಯುದಲ್ಲ. ಮೊದಲು ಬೋರ್ಡನ್ನು 99 ಶೇಕಡದ ಐಸೋಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಬ್ರಷ್ ಹಾಕಿ ತೊಳೀಬೇಕು, ಬೆಸುಗೆ ಹಾಕುವಾಗ ಉಳಿದ ಫ್ಲಕ್ಸಿನ ಅಂಟು, ಬೆರಳಿನ ಉಪ್ಪು ಎರಡೂ ಹೋಗ್ಬೇಕು. ಉಳಿದ್ರೆ ಕೋಟಿಂಗ್ ದಾಟಿ ಬರುವ ತೇವವನ್ನು ಅದೇ ಎಳೆದು ಕೂರಿಸ್ತದೆ, ಪದರದ ಅಡಿಯಲ್ಲಿ ಗುಳ್ಳೆ ಏಳ್ತದೆ. ಹೌದು, ಕೋಟಿಂಗ್ ನೀರಿನ ಆವಿಯನ್ನು ಪೂರ್ತಿ ತಡೆಯುದಿಲ್ಲ, ನಿಧಾನ ಮಾಡ್ತದೆ ಅಷ್ಟೇ. ಅದಕ್ಕೇ ಅಡಿಯಲ್ಲಿ ಕೊಳೆ ಇರ್ಬಾರದು. ತೊಳೆದ ಮೇಲೆ ಪೂರ್ತಿ ಒಣಗಿಸಿ. ಕನೆಕ್ಟರ್, ಸ್ವಿಚ್, ಮುಚ್ಚದ ರಿಲೇ, ಸ್ಕ್ರೂಡ್ರೈವರಿನಲ್ಲಿ ತಿರುಗಿಸಿ ಹೊಂದಿಸುವ ಪ್ರಿಸೆಟ್, ಬಜರಿನ ತೂತು ಇವಕ್ಕೆ ಟೇಪ್ ಅಂಟಿಸಿ. ತೇವ ಅಳೆಯುವ ಸೆನ್ಸರ್ ಇದ್ರೆ ಅದಕ್ಕೆ ಖಂಡಿತ ಟೇಪ್. ಅದರ ಮೇಲೆ ಕೋಟಿಂಗ್ ಹೊಡೆದು "ರೀಡಿಂಗ್ ಬರುದಿಲ್ಲ" ಅಂತ ಅಳುವವರನ್ನು ಕಂಡ್ರೆ ನನಗೆ ಮಾತೇ ಹೊರಡುದಿಲ್ಲ.

20ರಿಂದ 30 ಸೆಂ.ಮೀ. ದೂರದಿಂದ ತೆಳು ಪದರ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕಾಯಿರಿ, ಸಾಮಾನ್ಯವಾಗಿ ಹತ್ತು-ಹದಿನೈದು ನಿಮಿಷ. ಬೋರ್ಡನ್ನು 90 ಡಿಗ್ರಿ ತಿರುಗಿಸಿ ಇನ್ನೊಂದು. ಎರಡು-ಮೂರು ಪದರ, ಒಟ್ಟು 30ರಿಂದ 130 ಮೈಕ್ರಾನ್. ಒಂದೇ ಸಲ ದಪ್ಪ ಹೊಡೆದ್ರೆ ಒಳಗೆ ದ್ರಾವಕ ಸಿಕ್ಕಿಬಿದ್ದು ಗುಳ್ಳೆ. ಹೆಚ್ಚಿನ ಕೋಟಿಂಗಿನಲ್ಲಿ ಹೊಳೆಯುವ ಪದಾರ್ಥ ಇರ್ತದೆ, ನೋಟು ನೋಡುವ ಯುವಿ ಟಾರ್ಚ್ ಹಿಡಿದ್ರೆ ಬಿಟ್ಟುಹೋದ ಜಾಗ ಕಪ್ಪಗೆ ಕಾಣ್ತದೆ. ಐಸಿ ಕಾಲಿನ ಹಿಂಬದಿಯೇ ಬಿಟ್ಟುಹೋಗುದು, ಓರೆ ಹಿಡಿದು ಹೊಡೀರಿ. ಅಕ್ರಿಲಿಕ್‌ನ ದೊಡ್ಡ ಗುಣ ಅಂದ್ರೆ ನಾಳೆ ರಿಪೇರಿ ಬಂದ್ರೆ ದ್ರಾವಕ ಹಾಕಿ ತೆಗೀಬಹುದು. ಎಪಾಕ್ಸಿ ಸುರಿದ್ರಾ? ಬೋರ್ಡ್ ಅಲ್ಲ, ಪೇಪರ್‌ವೇಟ್.

ಮತ್ತೆ ನೀರು ಬರುದು ಮುಚ್ಚಳದಿಂದ ಅಂತ ಯಾರು ಹೇಳಿದ್ದು? ಬರುದು ವೈರಿನಿಂದ! ಕೇಬಲನ್ನು ಡಬ್ಬಿಯ ಮೇಲಿಂದ ಒಳಗೆ ಬಿಟ್ಟು, ಸುತ್ತ ಸಿಲಿಕಾನ್ ಮೆತ್ತಿ, ಎಳೆಗಳ ನಡುವೆ ನೀರು ಹೀರಿಕೊಂಡು ಬರುವಾಗ ಆಕಾಶ ನೋಡ್ತಾರೆ. ಕೇಬಲ್ ಅಡಿಯಿಂದ ಬರ್ಬೇಕು, ಸರಿಯಾದ ಅಳತೆಯ ಗ್ಲ್ಯಾಂಡಿನಲ್ಲಿ (ಕೇಬಲನ್ನು ಬಿಗಿಯಾಗಿ ಹಿಡಿಯುವ ತಿರುಪಿನ ಬಿರಡೆ), ಒಳಗೆ ಹೋಗುವ ಮೊದಲು ಕೆಳಕ್ಕೆ ಜೋತು ಮೇಲೇಳ್ಬೇಕು, ಹನಿ ಅಲ್ಲೇ ಬೀಳ್ತದೆ. ಡಬ್ಬಿಯ ಅಡಿಯಲ್ಲಿ 3 ಮಿ.ಮೀ. ತೂತು ಒಂದು. ತೂತಾ ಅಂತ ಕಣ್ಣು ಬಿಡ್ಬೇಡಿ. ಬಿಸಿಲಿಗೆ 55 ಡಿಗ್ರಿಗೆ ಕಾದ ಡಬ್ಬಿ ಮಳೆ ಹೊಡೆದು 25ಕ್ಕೆ ಇಳಿದ್ರೆ ಒಳಗಿನ ಗಾಳಿ ಸುಮಾರು 9 ಶೇಕಡ ಕುಗ್ತದೆ; 2 ಲೀಟರ್ ಡಬ್ಬಿ ಸುಮಾರು 180 ಮಿ.ಲೀ. ಒದ್ದೆ ಗಾಳಿಯನ್ನು ಯಾವ ಸಂದಿಯಿಂದಾದ್ರೂ ಎಳ್ಕೊಳ್ತದೆ. ಸಂದಿಯಲ್ಲಿ ನೀರು ನಿಂತಿದ್ರೆ ನೀರನ್ನೇ. ಹೋಗ್ಲಿಕ್ಕೆ ದಾರಿ ಇಲ್ಲದಿದ್ರೆ ಅದು ಅಲ್ಲೇ. ತೂತಿಗೆ ಸಣ್ಣ ಸ್ಟೀಲ್ ಜಾಳಿಗೆ ಇಡಿ, ಇಲ್ಲಾಂದ್ರೆ ಇರುವೆ ರಿಲೇಯಲ್ಲಿ ಸಂಸಾರ ಹೂಡ್ತದೆ.

ಮನೆ ಕೆಲಸಕ್ಕೂ ಅದೇ "ಒಂದೇ ಗಮ್" ಜಪ. ತಾರಸಿಯ ಬಿರುಕಿಗೆ ಅಸಿಟಾಕ್ಸಿ ಸಿಲಿಕಾನ್! ಸಿಮೆಂಟಿನ ಸುಣ್ಣದ ಜೊತೆ ಆಮ್ಲ ಸೇರಿ ಹಿಡಿತವೇ ಬಿಡ್ತದೆ, ಮೇಲೆ ಪೇಂಟ್ ಕೂರುದಿಲ್ಲ, ಕೆರೆದು ತೆಗೆದ್ರೂ ಸಿಲಿಕಾನಿನ ಜಿಡ್ಡು ಉಳಿದು ಮುಂದಿನ ಪೇಂಟಿನಲ್ಲಿ ಮೀನಿನ ಕಣ್ಣಿನಂಥ ಗುಂಡಿ. ಅಲ್ಲಿಗೆ ಪಿಯು (ಪಾಲಿಯುರೆಥೇನ್) ಸೀಲಂಟ್. 10 ಮಿ.ಮೀ. ಅಗಲದ ಸಂದಿಗೆ 5 ಮಿ.ಮೀ. ಆಳ ಸಾಕು, ಅಡಿಯಲ್ಲಿ ಫೋಮ್ ಹಗ್ಗ ತುರುಕಿ. ತಳಕ್ಕೂ ಅಂಟಿಕೊಂಡ್ರೆ ಸಂದಿ ಹಿಗ್ಗುವಾಗ ಮಧ್ಯೆ ಹರೀತದೆ. ಕಾಂಕ್ರೀಟ್ ಒಣಗಿದೆಯಾ ಅಂತ ತಿಳೀಲಿಕ್ಕೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಬದಿಗೆ ಟೇಪ್ ಹಾಕಿ 16 ಗಂಟೆ ಬಿಡಿ, ಅಡಿಯಲ್ಲಿ ಹನಿ ಅಥವಾ ಕಪ್ಪು ಒದ್ದೆ ಕಂಡ್ರೆ ಆವತ್ತು ತಾರಸಿಗೆ ಹಚ್ಚುವ ಕೋಟಿಂಗಿನ ಡಬ್ಬಿ ತೆರೀಬೇಡಿ. ಬಚ್ಚಲಿನ ಬೂಸ್ಟು ಹಿಡಿಯದ ಸಿಲಿಕಾನ್ ಉಳಿಯಿತು ಅಂತ ಮೀನಿನ ತೊಟ್ಟಿಗೆ ಹಾಕ್ಬೇಡಿ, ಅದರಲ್ಲಿ ಬೂಸ್ಟು ಕೊಲ್ಲುವ ವಿಷ ಇರ್ತದೆ, ಮೀನಿಗೂ ಅದೇ ಗತಿ.

ಇನ್ನು "ನೇಲ್ ಪಾಲಿಶ್ ಸಾಕಲ್ವಾ?" ಅಂತ ಕೇಳುವವರಿಗೆ: ಮನೆಯೊಳಗಿನ ಆಟದ ಬೋರ್ಡಿಗೆ ಆಗ್ತದೆ, ತೋಟದ ಪ್ಯಾನೆಲಿನ ಬಿಸಿಗೆ ಬಿರುಕು ಬಿಡ್ತದೆ. "ಹಾಟ್ ಗ್ಲೂ?" ವೈರ್ ಅಲುಗದ ಹಾಗೆ ಹಿಡೀಲಿಕ್ಕೆ ಸರಿ, ಸೀಲ್ ಅಲ್ಲ, 70-80 ಡಿಗ್ರಿಗೆ ಮೆತ್ತಗಾಗ್ತದೆ, ತಣ್ಣಗಾದ ಮೇಲೆ ನುಣ್ಣನೆ ಪ್ಲಾಸ್ಟಿಕ್ಕಿಂದ ಎದ್ದು ಬರ್ತದೆ.

ಆ ಅಂಗಡಿಯ ಮೆಟ್ಟಿಲು ಇನ್ನು ಹತ್ತುದಿಲ್ಲ. ಹತ್ತದೆ ಎಲ್ಲಿಗೆ ಹೋಗುದು, ಗ್ಲ್ಯಾಂಡು ಅಲ್ಲೇ ಸಿಗುದು. ಹತ್ತುತ್ತೇನೆ, ಮಾತಾಡುದಿಲ್ಲ. ಆದ್ರೆ ಕುಂದಾಪುರದಿಂದ ಮಂಗಳೂರಿನ ಒಳಗೆ ಆಲ್ಕಾಕ್ಸಿ ಸಿಲಿಕಾನಿನ ಸಣ್ಣ ಟ್ಯೂಬ್ ಎಲ್ಲಿ ಸಿಗ್ತದೆ ಅಂತ ಗೊತ್ತಿದ್ದವರು ಹೇಳಿ. "ಇರ್ಬಹುದು" ಅಂತ ಹೇಳ್ಬೇಡಿ. ಕೈಯಲ್ಲಿ ಹಿಡಿದು, ತಯಾರಾದ ತಿಂಗಳು ಓದಿ ಹೇಳಿ. ವರ್ಷ ದಾಟಿದ ಟ್ಯೂಬ್ ಮೂತಿಯಲ್ಲೇ ಕಟ್ಟಿರಬಹುದು, ಅಥವಾ ಹಿಂಡಿದ ಮೇಲೆ ಗಟ್ಟಿಯೇ ಆಗದಿರಬಹುದು. ಅಂಥದ್ದು ನನಗೆ ಬೇಡ.