ಆಗಸ್ಟ್ ಬಂತು, ಗೋಡೆ ಹುಷಾರು!

ಮೈಸೂರಿನ ಹಳೇ ಕಟ್ಟಡಗಳಿಗೆ ಪಂಚಾಂಗ ಚೆನ್ನಾಗಿ ಗೊತ್ತು. ಊರು ದಸರಾಗೆ ಸುಣ್ಣ ಬಣ್ಣ ಹುಡುಕುವ ಹೊತ್ತಿಗೆ, ಆಗಸ್ಟ್ ಕೊನೇ ವಾರದಲ್ಲೇ ಬೀಳುತ್ತವೆ. 2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಅದರಲ್ಲಿ ನಗುವಂಥದ್ದು ಏನೂ ಇಲ್ಲ. 2016ರ ಆಗಸ್ಟ್ 28ರಂದು ದೇವರಾಜ ಮಾರುಕಟ್ಟೆಯ ಉತ್ತರ ಬಾಗಿಲ ಕಡೆಯ ಭಾಗ ಬಿತ್ತು. ಅದೂ ರಿಪೇರಿ ನಡೆಯುತ್ತಿದ್ದಾಗ. ಡಾಕ್ಟರು ನಾಡಿ ಹಿಡಿದ ಕೂಡಲೇ ರೋಗಿ ಹೋದ ಹಾಗೆ.

ನಗು ಬರುವುದು ಬಿದ್ದ ಮೇಲೆ ನಡೆದದ್ದಕ್ಕೆ. ನಮ್ಮಲ್ಲಿ ಒಂದು ಕಟ್ಟಡ ಬಿದ್ದರೆ ಆ ಜಾಗದಲ್ಲಿ ಮೊದಲು ಎದ್ದು ನಿಲ್ಲುವುದು ಸಮಿತಿ. ಒಂದು ಸಮಿತಿ ಬಂದು ಗೋಡೆ ತಟ್ಟಿ ನೋಡಿ, ಇದು ಉಳಿಯಲ್ಲ, ಒಡೆಯಿರಿ ಅಂದಿತು. ಪಾರಂಪರಿಕ ತಜ್ಞರು ಬಂದು ಅದೇ ಗೋಡೆ ತಟ್ಟಿ, ಧಾರಾಳವಾಗಿ ಉಳಿಸಬಹುದು ಅಂದರು. ಆಮೇಲೆ ಇಬ್ಬರಲ್ಲಿ ಯಾರು ಸರಿ ಎಂದು ನೋಡಬೇಕಲ್ಲ, ಅದಕ್ಕೆ ಮತ್ತೆ ವರದಿ. ಕೋರ್ಟಿನ ಮೆಟ್ಟಿಲನ್ನೂ ಹತ್ತಿದ್ದಾಯಿತು. ಗೋಡೆಗೆ ಊರುಗೋಲು ಕೊಡಲು ಮರದ ಬದಲು ಈ ವರದಿಗಳನ್ನೇ ಒಟ್ಟಿದ್ದರೂ ಇಷ್ಟು ಹೊತ್ತಿಗೆ ಕಮಾನು ಗಟ್ಟಿಯಾಗುತ್ತಿತ್ತು.

ಮೊನ್ನೆ ಮಾರುಕಟ್ಟೆಯಲ್ಲಿ ಮೊಳ ಮಲ್ಲಿಗೆ ತೆಗೆದುಕೊಳ್ಳುತ್ತಾ ಹೂವಿನ ಅಮ್ಮನನ್ನು ಕೇಳಿದೆ: "ಏನಮ್ಮಾ, ಇದನ್ನ ಒಡೀತಾರಂತಾ, ಉಳಿಸ್ತಾರಂತಾ?"

"ಅದು ಹೂವಿನ ರೇಟಿದ್ದಂಗೆ ಸ್ವಾಮಿ," ಅಂದರು. "ಬೆಳಿಗ್ಗೆ ಒಂದು, ಸಂಜೆ ಒಂದು. ನೀವು ಮೊಳ ತಗೊಳ್ಳಿ, ನಾಳೆ ಗೋಡೆನೂ ಇರ್ತದೋ ಇಲ್ವೋ."

ಈ ಕಟ್ಟಡಗಳು ಯಾಕೆ ಬೀಳುತ್ತವೆ ಅನ್ನುವುದು ಬ್ರಹ್ಮವಿದ್ಯೆ ಏನಲ್ಲ. ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಸುಣ್ಣದ ಗೋಡೆ ಉಸಿರಾಡುತ್ತದೆ. ಮಳೆಗಾಲದಲ್ಲಿ ಹೀರಿದ ತೇವವನ್ನು ಬೇಸಿಗೆಯಲ್ಲಿ ಬಿಟ್ಟುಬಿಡುತ್ತದೆ. ಅದಕ್ಕೆ ನಾವು ಪ್ರೀತಿಯಿಂದ ಸಿಮೆಂಟ್ ಮೆತ್ತುತ್ತೇವೆ. ತೇವ ಒಳಗೇ ಸಿಕ್ಕಿಕೊಂಡು ಗಾರೆ ಪುಡಿಪುಡಿ ಆಗುತ್ತದೆ. ತಾರಸಿಯ ನೀರು ಹೋಗುವ ಕೊಳವೆಯಲ್ಲಿ ಎಲೆ ಕಟ್ಟಿಕೊಂಡರೆ ಅದನ್ನು ತೆಗೆಯಲು ಬೇಕಾದದ್ದು ಒಂದು ಏಣಿ, ಒಂದು ಕೋಲು, ಅರ್ಧ ದಿನದ ಕೂಲಿ. ಆದರೆ ಅರ್ಧ ದಿನದ ಕೂಲಿಗೆ ಶಂಕುಸ್ಥಾಪನೆ ಮಾಡೋಕಾಗುತ್ತಾ? ಕಲ್ಲಿನ ಮೇಲೆ ಹೆಸರು ಕೆತ್ತಿಸೋಕಾಗುತ್ತಾ? ಹಾಗಾಗಿ ಯಾರೂ ಹತ್ತುವುದಿಲ್ಲ. ಕೊನೆಗೆ ಅರಳಿ ಗಿಡ ಹತ್ತುತ್ತದೆ. ಟೆಂಡರ್ ಕರೆಯದೆ, ಅನುದಾನ ಕೇಳದೆ ಹಳೇ ಕಟ್ಟಡವನ್ನು ಮರುಬಳಕೆ ಮಾಡುತ್ತಿರುವುದು ಸದ್ಯಕ್ಕೆ ಅರಳಿ ಗಿಡ ಮತ್ತು ಪಾರಿವಾಳ ಮಾತ್ರ.

ಹಾಗಂತ ಈ ಊರಿಗೆ ಮರುಬಳಕೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ಮೈಸೂರಿನಷ್ಟು ಜಾಣತನದಿಂದ ಅರಮನೆಗಳನ್ನು ದುಡಿಸಿಕೊಂಡ ಊರು ಕಡಿಮೆ. ಜಗನ್ಮೋಹನ ಅರಮನೆ ಚಿತ್ರಶಾಲೆ ಆಯಿತು. ಲಲಿತಮಹಲ್ ಹೋಟೆಲ್ ಆಯಿತು. ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿದ ಅರಮನೆಯಲ್ಲಿ 1950ರಿಂದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಆಹಾರದ ಸಂಶೋಧನೆ ಮಾಡುತ್ತಿದ್ದಾರೆ. ಅರಮನೆಗೆ ಏನೂ ಬೇಜಾರಾದ ಹಾಗೆ ಕಾಣಲಿಲ್ಲ. ಇನ್ನು ದೇವರಾಜ ಮಾರುಕಟ್ಟೆಗೆ ಮರುಬಳಕೆಯ ಪ್ರಶ್ನೆಯೇ ಇಲ್ಲ, ಅದರ ಬಳಕೆ ಯಾವತ್ತು ನಿಂತಿತ್ತು ಹೇಳಿ? 800ಕ್ಕೂ ಹೆಚ್ಚು ಮಳಿಗೆ, ಬಾಳೆಹಣ್ಣಿನ ಸಾಲು, ವೀಳ್ಯದೆಲೆ, ಗೋಪುರದ ಹಾಗೆ ಪೇರಿಸಿದ ಕುಂಕುಮ. ಆ ಕುಂಕುಮದ ಫೋಟೋ ಇಲ್ಲದ ಪ್ರವಾಸೋದ್ಯಮದ ಕರಪತ್ರ ನಾನಂತೂ ನೋಡಿಲ್ಲ. ಫೋಟೋದಲ್ಲಿ ಇದು ನಮ್ಮ ಹೆಮ್ಮೆ. ಕಡತದಲ್ಲಿ ಇದು ಶಿಥಿಲ.

ಈಗ ಸರ್ಕಾರದ ಅತ್ಯುತ್ತಮ ಐಡಿಯಾಗೆ ಬರೋಣ. ಹಳೆಯದನ್ನು ಪೂರ್ತಿ ಒಡೆಯುವುದು. ಅದೇ ಜಾಗದಲ್ಲಿ, ಅದೇ ನಮೂನೆಯಲ್ಲಿ, ಹೊಸದಾಗಿ ಪಾರಂಪರಿಕ ಕಟ್ಟಡ ಕಟ್ಟುವುದು! ಹೊಸದಾಗಿ ಹಳೆಯದು. ಇದನ್ನು ಕೇಳಿ ನಮ್ಮ ಮನೆಯ ಗೊಂಬೆ ಹಬ್ಬ ನೆನಪಾಯಿತು. ನಮ್ಮಜ್ಜಿಗೆ ಅವರ ತವರಿನಿಂದ ಬಂದ ಪಟ್ಟದ ಗೊಂಬೆ ಜೋಡಿಯಿದೆ. ರಾಜನ ಮೂಗು ಹೋಗಿದೆ, ರಾಣಿಯ ಒಂದು ಕೈ ಮೇಣದಲ್ಲಿ ನಿಂತಿದೆ. ಪ್ರತಿ ವರ್ಷ ಹೊಸ ಜರಿ ಸೀರೆ ಉಡಿಸಿ ಮೇಲಿನ ಮೆಟ್ಟಿಲಲ್ಲಿ ಕೂರಿಸುತ್ತಾರೆ. ಇವನ್ನು ಒಲೆಗೆ ಹಾಕಿ ಅಂಗಡಿಯಿಂದ ಪಟ್ಟದ ಶೈಲಿಯ ಪ್ಲಾಸ್ಟಿಕ್ ಗೊಂಬೆ ತರೋಣ ಅಜ್ಜಿ, ಮೂಗು ನೆಟ್ಟಗಿರುತ್ತೆ ಅಂದರೆ ನನಗೆ ಆ ದಿನ ಗೊಂಬೆ ಮುಂದೆ ಹಂಚುವ ತಿಂಡಿ, ಚರ್ಪು, ಸಿಗುವುದಿಲ್ಲ. ಅಜ್ಜಿ ಯಾವ ಸಮಿತಿಯಲ್ಲೂ ಸದಸ್ಯರಲ್ಲ, ಅದೇ ತೊಂದರೆ.

ಬೆಂಗಳೂರಿನವರು ಇಲ್ಲಿ ಮುಸಿಮುಸಿ ನಗಬೇಕಾಗಿಲ್ಲ. 1868ರಲ್ಲಿ ಮುಗಿದ ಅಠಾರಾ ಕಚೇರಿಯನ್ನೇ ಕೆಡವಲು 1980ರ ದಶಕದಲ್ಲಿ ಹೊರಟಿದ್ದರು. ಅದರ ವಿರುದ್ಧದ ಅರ್ಜಿಯ ವಿಚಾರಣೆ ನಡೆದದ್ದು ಹೈಕೋರ್ಟಿನಲ್ಲಿ, ಅಂದರೆ ಅದೇ ಕಟ್ಟಡದೊಳಗೆ. ತನ್ನ ಮರಣದಂಡನೆಯ ವಾದವನ್ನು ತಾನೇ ತಲೆಯ ಮೇಲೆ ಸೂರು ಕೊಟ್ಟು ಕೇಳಿಸಿಕೊಂಡ ಕಟ್ಟಡ ಅದು. ಈಗಲೂ ಕೆಂಪಗೆ ನಿಂತಿದೆ. ಎಲ್ಲ ಕಟ್ಟಡಕ್ಕೂ ಒಳಗೇ ನ್ಯಾಯಾಧೀಶರನ್ನು ಕೂರಿಸಲಾಗುವುದಿಲ್ಲ, ಮಾರುಕಟ್ಟೆಯಲ್ಲಂತೂ ಜಾಗವೇ ಇಲ್ಲ.

ದುಡ್ಡಿಲ್ಲ ಅನ್ನುತ್ತಾರೆ. ಇರಬಹುದು. ಆದರೆ ದಸರಾ ದೀಪಾಲಂಕಾರಕ್ಕೆ ದುಡ್ಡಿಲ್ಲ ಅಂದದ್ದನ್ನು ಯಾರಾದರೂ ಕೇಳಿದ್ದೀರಾ? ಬಲ್ಬಿಗೆ ಇರುವ ಭಾಗ್ಯ ಸುಣ್ಣಕ್ಕಿಲ್ಲ. ಬಲ್ಬು ಹತ್ತಿದ ತಕ್ಷಣ ಕಾಣುತ್ತದೆ. ಗಾರೆ ಕೆಲಸದ ತೊಂದರೆ ಏನೆಂದರೆ, ಚೆನ್ನಾಗಿ ಮಾಡಿದರೆ ಏನೂ ಆಗುವುದಿಲ್ಲ. ಗೋಡೆ ನಿನ್ನೆ ಇದ್ದ ಹಾಗೇ ಇವತ್ತೂ ಇರುತ್ತದೆ. ಏನೂ ಆಗದೇ ಇರುವುದನ್ನು ಉದ್ಘಾಟಿಸುವುದು ಹೇಗೆ? ವೈಸರಾಯ್ ಲ್ಯಾನ್ಸ್‌ಡೌನ್ ಬಂದುಹೋದ ನೆನಪಿಗೆ 1892ರಲ್ಲಿ ಊರಿಗೊಂದು ಕಟ್ಟಡ ಸಿಕ್ಕಿತು. ಅದು ಬಿದ್ದ ಮೇಲೆ ಎಷ್ಟು ಜನ ದೊಡ್ಡವರು ಬಂದು ನೋಡಿಹೋದರೋ, ಅವರ ನೆನಪಿಗೆ ಉಳಿದದ್ದು ಒಂದು ಬ್ಯಾರಿಕೇಡ್.

ಕಳೆದ ಜಂಬೂಸವಾರಿಗೆ ಸಯ್ಯಾಜಿರಾವ್ ರಸ್ತೆಯಲ್ಲಿ ಬೆಳಿಗ್ಗೆಯೇ ಹೋಗಿ ಜಾಗ ಹಿಡಿದಿದ್ದೆ. ಪಕ್ಕದಲ್ಲೇ ಮಾರುಕಟ್ಟೆ. ಹಳೇ ಕಟ್ಟಡಗಳನ್ನು ಹತ್ತಬೇಡಿ ಎಂದು ಪ್ರತಿ ವರ್ಷದ ಹಾಗೆ ಎಚ್ಚರಿಕೆ ಆಗಿತ್ತು. ಡೊಳ್ಳು ಬಂತು, ನಗಾರಿ ಬಂತು, ಒಂದೊಂದು ಪೆಟ್ಟಿಗೂ ಎದೆ ನಡುಗುವಷ್ಟು ಸದ್ದು. ಕೊನೆಗೆ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ಆನೆ ಗಂಭೀರವಾಗಿ ಬಂತು. ಸುತ್ತ ಇದ್ದವರೆಲ್ಲ ತಾಯಿ ಚಾಮುಂಡಿ ಎಂದು ಅಂಬಾರಿಗೆ ಕೈ ಮುಗಿದರು. ನಾನೂ ಮುಗಿದೆ. ಆನೆ ಮಾರುಕಟ್ಟೆ ದಾಟುವವರೆಗೆ ಮಾತ್ರ ಗೋಡೆಯ ಕಡೆ ತಿರುಗಿ ನಿಂತಿದ್ದೆ.