ಪಿ, ಎಚ್, ಟಿ, ಎಚ್ ಮತ್ತು ನಮ್ಮ ಚಿಕ್ಕವ್ವನ ಕಣ್ಣು

ಚಿತ್ರದುರ್ಗ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನಮ್ಮ ಚಿಕ್ಕವ್ವ ಮೂರು ವರ್ಷಗಳ ಹಿಂದೆ ಮೆಕ್ಕೆಜೋಳದ ಸಾಲುಗಳ ನಡುವೆ ಕಳೆ ತೆಗೆಯುತ್ತಿದ್ದಾಗ ಗರಿಯ ಅಂಚು ಎಡಗಣ್ಣಿಗೆ ಬಡಿದಿತ್ತು. ಮೊದಲ ವಾರವೆಲ್ಲ ನಾಟಿ ಔಷಧಿಯಲ್ಲೇ ಕಳೆಯಿತು. ಅಷ್ಟರಲ್ಲಿ ಕಣ್ಣಿನ ಕರಿಭಾಗದ ಮೇಲೆ ಹುಣ್ಣಾಗಿ, ದೃಷ್ಟಿ ಹೋಗಿ, ಮುಂದಿನ ತಿಂಗಳುಗಳಲ್ಲಿ ಕಣ್ಣುಗುಡ್ಡೆಯೇ ಸಣ್ಣಗಾಗುತ್ತ ಒಳಗೆ ಸೇದಿಕೊಂಡಿತು. ಈ ಸಲ ದಾವಣಗೆರೆಯ ಕಣ್ಣಾಸ್ಪತ್ರೆಯಲ್ಲಿ ತೋರಿಸಿದಾಗ ವೈದ್ಯರು ಚೀಟಿಯಲ್ಲಿ ಎರಡು ಪದ ಬರೆದರು. ಎರಡನೆಯದು 'ಬಲ್ಬೈ' ಎಂದು ಹೇಗೋ ಓದಲು ಬಂತು. ಮೊದಲನೆಯದರ ಕಾಗುಣಿತ ಹೀಗಿತ್ತು: ಪಿ, ಎಚ್, ಟಿ, ಎಚ್, ಐ, ಎಸ್, ಐ, ಎಸ್.

ನನ್ನ ತಂಗಿಯ ಮಗಳು ಅದನ್ನು ಮೊಬೈಲಿನಲ್ಲಿ ಹುಡುಕಿ, 'ಮಾವ, ಅಜ್ಜಿಗೆ ಟಿಬಿ ಅಂತೆ!' ಎಂದು ಆಸ್ಪತ್ರೆಯ ಮೊಗಸಾಲೆಯಲ್ಲೇ ಗಾಬರಿಯಾದಳು. ಹಳೆಯ ನಿಘಂಟುಗಳಲ್ಲಿ ಆ ಪದಕ್ಕೆ ಶ್ವಾಸಕೋಶದ ಕ್ಷಯವೆಂಬ ಅರ್ಥವೇ ಮೊದಲು ಸಿಗುವುದರಿಂದ ಅವಳದು ತಪ್ಪೆನ್ನಲಾಗದು. ಮಾರನೆಯ ದಿನ ನನ್ನ ತಮ್ಮ ಕೆಲಸ ಮಾಡುವ ಕಚೇರಿಗೆ ವೈದ್ಯಕೀಯ ವೆಚ್ಚದ ಅರ್ಜಿ ಹಾಕಲು ಹೋದಾಗ ಡಿಟಿಪಿ ಅಂಗಡಿಯ ಹುಡುಗ ಕೈಬರಹ ನೋಡಿ ತನಗೆ ತೋಚಿದಂತೆ ಹೊಡೆದ. ಕಂಪ್ಯೂಟರ್ ಅದನ್ನು ತಾನೇ ತಿದ್ದಿ 'ಥೀಸಿಸ್ ಬಲ್ಬ್' ಎಂದು ಮಾಡಿತು. ನಾವೂ ನೋಡದೆ ಸಹಿ ಹಾಕಿದೆವು. 'ಕಾಯಿಲೆಯ ಹೆಸರು ತಾಳೆಯಾಗುತ್ತಿಲ್ಲ' ಎಂಬ ಷರಾದೊಂದಿಗೆ ಅರ್ಜಿ ವಾಪಸು ಬಂತು. ಚಿಕ್ಕವ್ವನ ಹೆಸರಿನಲ್ಲಿ ಪಿಎಚ್‌ಡಿಗೆ ನೋಂದಣಿ ಆಗದಿದ್ದದ್ದೇ ಪುಣ್ಯ.

ಇಂಗ್ಲಿಷಿನ ಕಾಗುಣಿತವನ್ನು ಹಾಸ್ಯ ಮಾಡುವವರಿಗೆ ಈ ಪದ ಹಬ್ಬದೂಟವಿದ್ದಂತೆ. ಉಚ್ಚಾರ 'ಥೈಸಿಸ್' ಅಥವಾ 'ಟೈಸಿಸ್', ಎರಡೂ ನಡೆಯುತ್ತವೆ. ಹಾಗಿದ್ದ ಮೇಲೆ ಮುಂದಿನ ಪಿ, ಎಚ್ ಏಕೆ ಎಂದು ನಾನೂ ಮೊದಲು ಬೈದುಕೊಂಡವನೇ. ಆದರೆ ಪದದ ಬೆನ್ನು ಹತ್ತಿ ಹೋದ ಮೇಲೆ, ಆ ನಾಲ್ಕು ಅಕ್ಷರಗಳನ್ನು ದಡ್ಡತನವೆಂದು ಕರೆಯಲು ನನಗೆ ಮನಸ್ಸು ಬರುತ್ತಿಲ್ಲ. ಅವು ನಮ್ಮ ಕ್ಷಕಾರದ ಒಡಹುಟ್ಟು.

ಪದ ಗ್ರೀಕಿನದು. ಗ್ರೀಕರಿಗೆ ಅಲ್ಲಿ ನಾಲ್ಕು ಅಕ್ಷರಗಳಿರಲಿಲ್ಲ, ಎರಡೇ ಇದ್ದವು: ಒಂದು ನಮ್ಮ ಫಕಾರದಂಥ ಮಹಾಪ್ರಾಣ, ಇನ್ನೊಂದು ಥಕಾರ. ಮಹಾಪ್ರಾಣಕ್ಕೆ ಪ್ರತ್ಯೇಕ ಅಕ್ಷರವಿಲ್ಲದ ಲ್ಯಾಟಿನ್ ಪ್ರತಿಯೊಂದಕ್ಕೂ ಒಂದೊಂದು ಎಚ್ ಅಂಟಿಸಿ ಬರೆದುಕೊಂಡದ್ದರಿಂದ ಎರಡು ನಾಲ್ಕಾದವು. ಕನ್ನಡದಲ್ಲಿ 'ಫ್ಥಿಸಿಸ್' ಎಂದು ಒಂದೇ ಒತ್ತಕ್ಷರದಲ್ಲಿ ಮುಗಿಯುವ ಕೆಲಸವದು. ಇಂಗ್ಲಿಷಿನವರೂ ಮೊದಲು ಕಿವಿಯ ಮಾತನ್ನೇ ಕೇಳಿದ್ದರು. ಇದರದೇ ಬಳಗದ ಇನ್ನೊಂದು ಪದ ಹಳೆಯ ಫ್ರೆಂಚಿನ ಮೂಲಕ 'ಟಿಸಿಕ್' ಎಂದು ಬಂದಿತ್ತು, ಹಾಗೆಯೇ ಬರೆಯುತ್ತಿದ್ದರು. ಗ್ರೀಕ್, ಲ್ಯಾಟಿನ್ ಓದಿದ ಪಂಡಿತರ ಕಾಲ ಬಂದಾಗ ಸಾಲ ಎಂಬ ಅರ್ಥದ 'ಡೆಟ್' ಪದದೊಳಗೆ ಯಾರೂ ಉಚ್ಚರಿಸದ ಬಿ ಹೇಗೆ ಹೊಕ್ಕಿತೋ, ಇಲ್ಲಿಯೂ ಹಾಗೆಯೇ ಮೂಲದ ಅಕ್ಷರಗಳನ್ನು ತಂದು ಕೂಡಿಸಿದರು. ನಾಲಿಗೆ ಮಾತ್ರ ತನ್ನ ಹಳೆಯ ದಾರಿಯನ್ನು ಬಿಡಲಿಲ್ಲ. ನಾವೇನು ಕಡಿಮೆಯೇ? ಲಕ್ಷ್ಮಿ ಎಂದು ಬರೆದು ಲಕ್ಕವ್ವ ಎಂದು ಕೂಗುವ ಊರು ನಮ್ಮದು. ರಾಕ್ಷಸ ರಕ್ಕಸನಾದ, ಅಕ್ಷರ ಅಕ್ಕರವಾಯಿತು. ವ್ಯತ್ಯಾಸವೆಂದರೆ ನಾವು ನಾಲಿಗೆಯ ರೂಪಕ್ಕೆ ತದ್ಭವವೆಂದು ಹೆಸರಿಟ್ಟು, ಅದನ್ನು ಅದರಂತೆಯೇ ಬರೆಯುವ ಮರ್ಯಾದೆಯನ್ನೂ ಕೊಟ್ಟೆವು.

ಈಗ ಅರ್ಥಕ್ಕೆ ಬರೋಣ. ಗ್ರೀಕಿನಲ್ಲಿ ಇದರ ಧಾತುವಿಗೆ ಸವೆ, ಸೊರಗು, ಕ್ಷೀಣಿಸು ಎಂದರ್ಥ. ಸಂಸ್ಕೃತದ 'ಕ್ಷಿ' ಧಾತುವೂ ಇದೂ ಒಂದೇ ಮೂಲದ ಎರಡು ಕವಲುಗಳೆಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಕ್ಷಯ, ಕ್ಷೀಣ, ಅಕ್ಷಯ ಎಲ್ಲವೂ ಆ ಧಾತುವಿನ ಮಕ್ಕಳು. ಅಂದರೆ ಇಂಗ್ಲಿಷ್ ವೈದ್ಯರು ಟಿಬಿಯನ್ನು ಥೈಸಿಸ್ ಎಂದದ್ದೂ ನಮ್ಮವರು ಕ್ಷಯ ಎಂದದ್ದೂ ಅನುವಾದದಿಂದಲ್ಲ, ಹುಟ್ಟಿನಿಂದಲೇ ಒಂದು. 1853ರಲ್ಲಿ ಜರ್ಮನಿಯ ವಿದ್ವಾಂಸ ಆಡಲ್ಬರ್ಟ್ ಕೂನ್ ಗಮನಿಸಿದ ಹೋಲಿಕೆಯೊಂದು ಇದಕ್ಕಿಂತಲೂ ಸೊಗಸಾಗಿದೆ. ಇಲಿಯಡ್ ಮಹಾಕಾವ್ಯದ ಒಂಬತ್ತನೆಯ ಭಾಗದಲ್ಲಿ ಅಕಿಲೀಸನು, ಟ್ರಾಯ್‌ನಲ್ಲೇ ಉಳಿದು ಕಾದಿದರೆ ಮನೆಗೆ ಮರಳುವುದು ತಪ್ಪುತ್ತದೆ, ಆದರೆ 'ಕ್ಲೆಯೊಸ್ ಅಫ್ಥಿತೊನ್' ದೊರೆಯುತ್ತದೆ ಎನ್ನುತ್ತಾನೆ. ಋಗ್ವೇದದ ಮೊದಲ ಮಂಡಲದ 9ನೇ ಸೂಕ್ತದಲ್ಲಿ ಇಂದ್ರನನ್ನು ಬೇಡುವುದು 'ಶ್ರವಸ್ಸು', ಅದೂ 'ಅಕ್ಷಿತ'ವಾದದ್ದು. ಎರಡೂ ಕಡೆ ಮಾತು ಒಂದೇ: ಕ್ಷಯವಿಲ್ಲದ ಕೀರ್ತಿ. ಅಫ್ಥಿತ, ಅಕ್ಷಿತ, ಬಾಯಿ ತೆರೆದು ಒಮ್ಮೆ ಹೇಳಿ ನೋಡಿ. (ಕಣ್ಣು ಎಂಬರ್ಥದ ಅಕ್ಷಿಗೂ ಇದಕ್ಕೂ ನಂಟಿಲ್ಲ, ಚಿಕ್ಕವ್ವನ ಚೀಟಿಯನ್ನು ಕೈಯಲ್ಲಿ ಹಿಡಿದು ಹುಡುಕುತ್ತಿದ್ದ ನಾನು ಒಂದು ಸಂಜೆ ಪೂರ್ತಿ ಆ ದಾರಿಯಲ್ಲಿ ಅಲೆದು ಬಂದೆ.)

ಇಷ್ಟೇ ಆಗಿದ್ದರೆ ಗ್ರೀಕಿನ ಆ ಒಡ್ಡೊಡ್ಡು ಅಕ್ಷರಗಳ ಪರ ವಾದಿಸುವ ಅಗತ್ಯ ನನಗಿರಲಿಲ್ಲ. ಆದರೆ ಸಂಸ್ಕೃತದಲ್ಲಿ ಕ್ಷಕಾರ ಹಲವು ಹಳೆಯ ಧ್ವನಿಗಳನ್ನು ನುಂಗಿ ಕುಳಿತಿದೆ. ನಾಶವಾಗು ಎಂಬ ಕ್ಷಿ, ವಾಸಿಸು ಎಂಬ ಇನ್ನೊಂದು ಕ್ಷಿ, ಭೂಮಿ ಎಂಬರ್ಥದ ಕ್ಷಮಾ, ಇವೆಲ್ಲ ನಮಗೆ ಒಂದೇ ಅಕ್ಷರದಲ್ಲಿ ಕಾಣುತ್ತವೆ. ನೆಲವನ್ನು ಹೇಳುವ ಕ್ಷಿತಿ ಬಂದದ್ದು ವಾಸದ ಧಾತುವಿನಿಂದ, ಕ್ಷಯ ಬಂದದ್ದು ನಾಶದ ಧಾತುವಿನಿಂದ. ಗ್ರೀಕಿನಲ್ಲಿ ಇವು ಬೇರೆಬೇರೆಯಾಗಿಯೇ ಉಳಿದವು: ನಾಶಕ್ಕೆ ಫ್ಥ, ವಾಸಕ್ಕೆ ಕ್ತ, ಭೂಮಿಗೆ ಖ್ಥ. ನಮ್ಮಲ್ಲಿ ಅಳಿಸಿಹೋದ ಗೆರೆಯನ್ನು ಆ ಪಿ, ಎಚ್, ಟಿ, ಎಚ್ ಇಂದಿಗೂ ಹೊತ್ತುಕೊಂಡು ತಿರುಗುತ್ತಿದೆ.

ಚಂದ್ರನ ವಿಷಯದಲ್ಲಿಯೂ ಎರಡು ನಾಡುಗಳ ಮಾತು ಕೂಡುತ್ತದೆ. ಅಥೆನ್ಸಿನವರು ತಿಂಗಳ ಕೊನೆಯ ಭಾಗವನ್ನು ಇದೇ ಧಾತುವಿನಿಂದ 'ಕ್ಷೀಣಿಸುವ ತಿಂಗಳು' ಎಂದು ಕರೆದು ದಿನ ಎಣಿಸುತ್ತಿದ್ದರು. ನಮ್ಮ ಪುರಾಣದಲ್ಲಂತೂ ರೋಹಿಣಿಯೊಬ್ಬಳ ಮೇಲೆಯೇ ಮೋಹವಿಟ್ಟ ಚಂದ್ರನಿಗೆ ದಕ್ಷ ಕೊಟ್ಟ ಶಾಪ ಕ್ಷಯರೋಗದ್ದೇ. ಆ ಪದದ ಅಂಜಿಕೆ ಎಷ್ಟೆಂದರೆ, ಅರವತ್ತು ಸಂವತ್ಸರಗಳ ಕೊನೆಯದನ್ನು ಕ್ಷಯವೆನ್ನಲು ಬಾಯಿ ಬಾರದೆ ನಮ್ಮ ಪಂಚಾಂಗಗಳು ಅಕ್ಷಯವೆಂದು ಅಚ್ಚು ಹಾಕುತ್ತವೆ.

ರೋಗದ ಹೆಸರಾಗಿ ಈ ಪದಕ್ಕೆ ದೀರ್ಘ ಆಯುಸ್ಸಿತ್ತು. ಹಿಪಾಕ್ರಟಿಸನ ಸೂತ್ರಗಳಲ್ಲಿಯೇ, ಇದು ಹೆಚ್ಚಾಗಿ 18ರಿಂದ 35ರ ವಯಸ್ಸಿನವರನ್ನು ಹಿಡಿಯುತ್ತದೆ ಎಂಬ ಮಾತಿದೆ. 1882ರ ಮಾರ್ಚ್ 24ರಂದು ರಾಬರ್ಟ್ ಕಾಖ್ ರೋಗಾಣುವನ್ನು ಕಂಡುಹಿಡಿದದ್ದನ್ನು ಪ್ರಕಟಿಸಿದ ಮೇಲೆ ಟ್ಯುಬರ್ಕ್ಯುಲೋಸಿಸ್ ಎಂಬ ಹೆಸರು ಗಟ್ಟಿಯಾಗಿ ನೆಲೆಯೂರಿ, ಹಳೆಯದು ಮೂಲೆ ಸೇರಿತು. ಕಣ್ಣಿನ ವೈದ್ಯರ ಬಳಿ ಮಾತ್ರ ಅದು ಉಳಿದುಕೊಂಡಿದೆ, ಅದೂ ರೋಗಾಣುವಿನ ಸೋಂಕೇ ಇಲ್ಲದ, ಬರೀ ಸೊರಗುವುದೆಂಬ ಮೊದಲಿನ ಅರ್ಥದಲ್ಲಿ. ಜೊತೆಗಿರುವ 'ಬಲ್ಬೈ' ಎಂದರೆ ಗುಡ್ಡೆಯ ಎಂದರ್ಥ; ಅದರ ಮೂಲ ಹುಡುಕಿದರೆ ಗ್ರೀಕಿನಲ್ಲಿ ಗಡ್ಡೆ, ಈರುಳ್ಳಿ ಎಂದಿದೆ. ಈರುಳ್ಳಿ ಬೆಳೆಯುವ ದುರ್ಗದ ಸೀಮೆಯವಳಿಗೆ ಇದನ್ನು ಹೇಳಿದಾಗ ಚಿಕ್ಕವ್ವ ಅಷ್ಟೇನೂ ಬೆರಗಾಗಲಿಲ್ಲ. 'ಅದನ್ನs ನಾನು ಮೊದ್ಲಿಂದ ಹೇಳ್ತಿದ್ದೆ ತಮ್ಮಾ, ಗುಡ್ಡಿ ಬತ್ತಿ ಹೋಗೈತಿ ಅಂತ' ಎಂದಳು.

ಹೌದು, ಹೇಳಿದ್ದಳು. ವೈದ್ಯರು ಚೀಟಿ ಬರೆಯುವ ಮೊದಲೇ, ಅವರ ಮುಂದೆಯೇ ಹೇಳಿದ್ದಳು. ಗ್ರೀಕ್ ಪದದ ಅರ್ಥವನ್ನು 'ಬತ್ತು' ಎಂಬ ಆ ಎರಡಕ್ಷರದ ಕ್ರಿಯಾಪದಕ್ಕಿಂತ ಸರಿಯಾಗಿ ಹಿಡಿಯುವ ಇನ್ನೊಂದು ಮಾತು ನನಗೆ ಇದುವರೆಗೆ ಸಿಕ್ಕಿಲ್ಲ. ವೈದ್ಯರು ತಮ್ಮ ಪರಿಭಾಷೆಯನ್ನು ಬಿಡಬೇಕೆಂದು ನಾನು ಕೇಳುತ್ತಿಲ್ಲ. ಅದು ಅವರ ಕಸುಬಿನ ಹತಾರ. ಆದರೆ ಚೀಟಿಯ ಅಡಿಯಲ್ಲಿ 'ಕಣ್ಣುಗುಡ್ಡೆ ಬತ್ತಿದೆ' ಎಂಬ ಎರಡು ಪದ ಇದ್ದಿದ್ದರೆ ಹುಡುಗಿಯೊಬ್ಬಳ ಗಾಬರಿಯೂ ನಮ್ಮ ಒಂದು ತಿಂಗಳ ಓಡಾಟವೂ ಉಳಿಯುತ್ತಿದ್ದವು.

ಎರಡನೆಯ ಅರ್ಜಿಯಲ್ಲಿ ನಾನೇ ಎಂಟು ಅಕ್ಷರಗಳನ್ನು ಬಿಡಿಬಿಡಿಯಾಗಿ ಬರೆದೆ, ಅದು ಮಂಜೂರಾಯಿತು. ಕಳೆದ ವಾರ ಚಿಕ್ಕವ್ವನಿಗೆ ಕೃತಕ ಕಣ್ಣಿನ ಚಿಪ್ಪು ಕೂಡಿಸಿದರು. ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡ ಮೇಲೆ ಅವಳು ವೈದ್ಯರನ್ನು, 'ಇದೂ ಬತ್ತತೈತೇನ್ರೀ ಸಾಹೇಬ್ರ?' ಎಂದು ಕೇಳಿದಳು. ವೈದ್ಯರು ನಕ್ಕು, 'ಇಲ್ಲವ್ವಾ, ಇದು ಬತ್ತಲ್ಲ, ದಿನಾ ತೊಳ್ಕೋಬೇಕು ಅಷ್ಟೇ' ಎಂದರು.